ಬೂದೆಪ್ಪನವರ ಅಮಾನ್ಯ ಸುತ್ತು

ರಾಯಚೂರು–ಮಾನ್ವಿ–ದೇವದುರ್ಗ ರಸ್ತೆಯಲ್ಲಿ ಒಂದೇ ಒಂದು ಗುಂಡಿಯೂ ಇಲ್ಲ ಎಂಬುದು ಅಂಕಿಅಂಶಗಳಿಂದ ರುಜುವಾತಾಗಿದೆ. ಈ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಇದು ಗೊತ್ತಿಲ್ಲದಿರಬಹುದು. ಅವರು ಗುಂಡಿಗಳನ್ನು ಒಂದೊಂದಾಗಿ ನೋಡುತ್ತಾರೆ, ನಾವು ಸರಾಸರಿಯಲ್ಲಿ ನೋಡುತ್ತೇವೆ. ನಾವು ಎಂದರೆ ಜಿಲ್ಲಾ ಸುತ್ತುವೇಳೆ ಪ್ರಾಧಿಕಾರ. ನಾನು ಅಲ್ಲಿ ದ್ವಿತೀಯ ದರ್ಜೆ ಸಹಾಯಕ.

ಪ್ರಾಧಿಕಾರದ ಮೂಲ ರಾಯಚೂರಿನಲ್ಲಿ ಮುಕರ್ರಂ ಎಂಬವರು ನಡೆಸುವ ಮೊಬೈಲ್ ರಿಪೇರಿ ಅಂಗಡಿ. ಸಂಜೆ ಗಿರಾಕಿ ಕಡಿಮೆಯಾದ ಮೇಲೆ ಅವರು, ಅವರ ತಂಗಿ ಮಿನಾಜ್, ಒಂದಷ್ಟು ಗೆಳೆಯರು ಇಂಟರ್‌ನೆಟ್ಟಿನಲ್ಲಿ ಕಾರ್ ರೇಸಿನ ಆಟ ಆಡುತ್ತಿದ್ದರು. ಪರದೇಶದ ಟ್ರ್ಯಾಕುಗಳಲ್ಲಿ ಓಡಿಸಿ ಓಡಿಸಿ ಬೇಜಾರಾಗಿ, ನಮ್ಮ ರಸ್ತೆಯನ್ನೇ ಆಟದೊಳಗೆ ಕಟ್ಟಿದರು. ರಾಯಚೂರಿನಿಂದ ಮಾನ್ವಿ, ಮಾನ್ವಿಯಿಂದ ದೇವದುರ್ಗ, ಅಲ್ಲಿಂದ ಗಬ್ಬೂರಿನ ಮೇಲೆ ಮತ್ತೆ ರಾಯಚೂರು. ಇದು ಒಂದು ಲ್ಯಾಪ್, ಅಂದರೆ ಒಂದು ಸುತ್ತು. ಯಾರು ಎಷ್ಟು ಹೊತ್ತಿನಲ್ಲಿ ಸುತ್ತು ಮುಗಿಸಿದರು ಎಂಬುದನ್ನೆಲ್ಲ ಕೂಡಿಸಿ, ಸರಾಸರಿ ತೆಗೆದು, ಎಲ್ಲರಿಗೂ ಕಾಣುವಂತೆ ಪಟ್ಟಿ ಹಾಕುವ ಕೆಲಸ ಮಿನಾಜ್ ಅವರದು. ಹಗಲು ಟ್ಯಾಕ್ಸ್ ಕನ್ಸಲ್ಟಂಟ್ ಒಬ್ಬರ ಹತ್ತಿರ ಲೆಕ್ಕ ಬರೆಯುವ ಅವರಿಗೆ ಸುಳ್ಳು ಲೆಕ್ಕ ಕಂಡರೆ ಸಂಜೆಯ ಹೊತ್ತು ಮೈ ಉರಿಯುತ್ತಿತ್ತು. ಹಾಗಾಗಿ ನಿಯಮಗಳು ಬಿಗಿಯಾಗಿದ್ದವು. ಕಾರಿನ ನಾಲ್ಕೂ ಗಾಲಿ ರಸ್ತೆ ಬಿಟ್ಟು ಇಳಿದರೆ ಸುತ್ತು ಅಮಾನ್ಯ. ನಡುವೆ ನಿಂತರೆ ಅಮಾನ್ಯ. ಅಮಾನ್ಯವಾದದ್ದು ಲೆಕ್ಕಕ್ಕಿಲ್ಲ. ಪಟ್ಟಿಯ ಕೆಳಗೆ ಅವರು ಸಣ್ಣ ಅಕ್ಷರದಲ್ಲಿ ಒಂದು ಸೂಚನೆಯನ್ನೂ ಹಾಕಿದ್ದರು: ಈ ರಸ್ತೆಗೆ ಗುಂಡಿಗಳನ್ನು ಹಾಕಿಲ್ಲ, ಹಾಕಿ ನೋಡಿದಾಗ ಕಾರು ರಾಯಚೂರು ದಾಟಲಿಲ್ಲ.

ಅದೇ ಹೊತ್ತಿಗೆ ಮೇಲಿನಿಂದ ಸುತ್ತೋಲೆ ಬಂತು. ರಸ್ತೆ ಸುಧಾರಿಸಿದ್ದಕ್ಕೆ ಪ್ರತಿ ಜಿಲ್ಲೆಯೂ ಅಂಕಿಅಂಶ ಕೊಡತಕ್ಕದ್ದು. ಆಗ ನಾನಿದ್ದ ರಸ್ತೆ ಇಲಾಖೆಯ ಸಾಹೇಬರಾದ ಅಯ್ಯಪ್ಪನವರು ಕಚೇರಿಯ ಕಪಾಟನ್ನೆಲ್ಲ ತೆಗೆಸಿದರು. ಅಲ್ಲಿ ಸುಧಾರಣೆಯ ಬಿಲ್ಲುಗಳು ಬೇಕಾದಷ್ಟಿದ್ದವು, ಅಂಕಿಅಂಶ ಇರಲಿಲ್ಲ. ಯಾರೋ ಮೊಬೈಲಿನಲ್ಲಿ ಮಿನಾಜ್ ಅವರ ಪಟ್ಟಿಯನ್ನು ತೋರಿಸಿದ್ದೇ ತಡ, ಸಾಹೇಬರು ಜೀಪು ಹತ್ತಿ ಅಂಗಡಿಗೆ ಬಂದರು.

"ಸಾಹೇಬ್ರ, ಇದು ಆಟ ಅದರಿ. ಖರೇ ರಸ್ತಾ ಅಲ್ಲ," ಎಂದರು ಮುಕರ್ರಂ.

"ಆಟ ಆದ್ರೇನು, ಅಂಕಿ ಖರೇ ಅದಾವಿಲ್ಲ?"

"ಅಂಕಿ ಖರೇ ಅದಾವ್ರಿ."

"ಮತ್ತೇನು ಬೇಕು? ನಮ್ಮ ಕಡಿ ರಸ್ತಾ ಅದ, ಅಂಕಿ ಇಲ್ಲ. ನಿಮ್ಮ ಕಡಿ ಅಂಕಿ ಅದ, ರಸ್ತಾ ಇಲ್ಲ. ಎರಡೂ ಕೂಡಿಸಿದ್ರ ಅಭಿವೃದ್ಧಿ ಆತು."

ಮಿನಾಜ್ ಪಟ್ಟಿಯ ಕೆಳಗೆ ಬೆರಳಿಟ್ಟು, "ಸರ್, ಇಲ್ಲಿ ಬರದೀನಿ ನೋಡ್ರಿ. ಗುಂಡಿ ಇಲ್ದ ರಸ್ತಾದ ಲೆಕ್ಕ ಇದು," ಎಂದರು.

"ಅದು ಸಣ್ಣ ಅಕ್ಷರದಾಗ ಅದವ್ವ. ಸಣ್ಣ ಅಕ್ಷರದ್ದು ಫೈಲಿಗಿ ಬರೂದಿಲ್ಲ," ಎಂದು ಸಾಹೇಬರು ಪ್ರೀತಿಯಿಂದಲೇ ಹೇಳಿದರು.

ಹದಿನೈದು ದಿನದಲ್ಲಿ ಪ್ರಾಧಿಕಾರ ಹುಟ್ಟಿತು. ಮಿನಾಜ್ ಅವರನ್ನು ಗೌರವ ಸಲಹೆಗಾರ್ತಿಯಾಗಿ ನೇಮಿಸಲಾಯಿತು. ಗೌರವ ಕಚೇರಿಯದು, ಕುರ್ಚಿ ಅವರ ಮನೆಯದು. ಬರೀ ಆಟದ ಅಂಕಿ ಕೊಟ್ಟರೆ ಮೇಲಿನವರು ಆಕ್ಷೇಪಿಸಬಹುದೆಂದು, ಅದೇ ದಾರಿಯಲ್ಲಿ ದಿನಕ್ಕೊಮ್ಮೆ ತಿರುಗುವ ಒಂದು ಸುತ್ತುಬಸ್ಸನ್ನೂ ಪ್ರಾಧಿಕಾರದ ಅಧೀನಕ್ಕೆ ತೆಗೆದುಕೊಂಡೆವು. ಆಟದ ನಿಯಮಗಳನ್ನು ಬಸ್ಸಿಗೆ ಹೊಂದಿಸಿ ಬರೆದವನು ನಾನೇ. ಆರು ಗಾಲಿಯ ಬಸ್ಸಿಗೆ ನಾಲ್ಕು ಗಾಲಿಯ ನಿಯಮ ಹೇಗೆ ಎಂಬ ಪ್ರಶ್ನೆ ಬಂದಾಗ, ಉಳಿದ ಎರಡು ಗಾಲಿಗಳ ವಿಷಯವನ್ನು ಉಪಸಮಿತಿಗೆ ಒಪ್ಪಿಸಲಾಯಿತು. ಉಪಸಮಿತಿ ಇನ್ನೂ ಸೇರಿಲ್ಲ.

ಪ್ರಕಟಣೆ ಹೀಗಿತ್ತು: "ಸಾರ್ವಜನಿಕರ ಗಮನಕ್ಕೆ. ರಸ್ತೆ ಬಿಟ್ಟು ಇಳಿದ ಅಥವಾ ಮಾರ್ಗಮಧ್ಯೆ ನಿಂತ ಬಸ್ಸಿನ ಸುತ್ತನ್ನು ಅಮಾನ್ಯವೆಂದು ಪರಿಗಣಿಸಲಾಗುವುದು. ಅಮಾನ್ಯ ಸುತ್ತು ನಡೆದಿಲ್ಲವೆಂದು ಭಾವಿಸತಕ್ಕದ್ದು. ಸದರಿ ಸುತ್ತಿನಲ್ಲಿ ಪ್ರಯಾಣಿಸಿದವರು ಪ್ರಯಾಣಿಸಿಲ್ಲ. ಆದಾಗ್ಯೂ ಊರು ತಲುಪಿದ್ದಲ್ಲಿ ಅದು ಅವರ ಸ್ವಂತ ಜವಾಬ್ದಾರಿ."

ಫಲಿತಾಂಶ ಬೆರಗು ಹುಟ್ಟಿಸುವಂತಿತ್ತು. ಗುಂಡಿ ತಪ್ಪಿಸಲು ಪಕ್ಕಕ್ಕಿಳಿದ ಸುತ್ತು ಅಮಾನ್ಯ. ಗುಂಡಿಯಲ್ಲಿ ಇಳಿದು ನಿಂತ ಸುತ್ತೂ ಅಮಾನ್ಯ. ಉಳಿದ ಸುತ್ತುಗಳಲ್ಲಿ ಹುಡುಕಿದರೂ ಒಂದು ಗುಂಡಿ ಸಿಗಲಿಲ್ಲ. ರಸ್ತೆಯನ್ನು ಪ್ರಥಮ ದರ್ಜೆ ಎಂದು ಘೋಷಿಸಲಾಯಿತು. ಅದಕ್ಕೆ ಕಾಗದದ ಮೇಲೆ ಎರಡು ಸಲ ಡಾಂಬರು ಹಾಕಿದ್ದ ಗುತ್ತಿಗೆದಾರ ನಿಂಗರಾಜ ಅವರ ತಡೆಹಿಡಿದ ಬಿಲ್ಲು ಅಂದೇ ಪಾಸಾಯಿತು. ಪೇಡೆ ಹಂಚುತ್ತ ಅವರು, "ಅಂಕಿ ಸುಳ್ಳು ಹೇಳಂಗಿಲ್ರಿ ಸರ್. ಮನಷ್ಯಾರು ಹೇಳ್ತಾರ," ಎಂದರು. ಅವರ ಕಣ್ಣಲ್ಲಿ ನೀರಿತ್ತು.

ಈ ಸಾಧನೆಗೆ ಅಡ್ಡ ಬಂದವರು ಸುತ್ತುಬಸ್ಸಿನ ಚಾಲಕ ಬೂದೆಪ್ಪನವರು. ನಿವೃತ್ತಿಗೆ ಕೆಲವೇ ತಿಂಗಳಿದ್ದ ಮನುಷ್ಯ. ಕಲ್ಲೂರು ದಾಟಿದ ಮೇಲೆ ಒಂದು ಬೇವಿನ ಗಿಡದ ಹತ್ತಿರ ಬಸ್ಸು ನಿಲ್ಲಿಸುವುದು ಅವರ ರೂಢಿ. ಅಲ್ಲಿ ಕುರಿ ಕಾಯುವ ಮನೆಯ ಮಾರೆಮ್ಮ ಹತ್ತುತ್ತಿದ್ದಳು. ಆಕೆಯ ಕಿಡ್ನಿ ಕೆಟ್ಟು, ವಾರಕ್ಕೆ ಎರಡು ಸಲ ಮಾನ್ವಿಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಳ್ಳಬೇಕಿತ್ತು. ತಪ್ಪಿದರೆ ಮೈ ಊದಿಕೊಂಡು ಉಸಿರು ಕಟ್ಟುತ್ತದೆಂದು ಡಾಕ್ಟರು ಹೇಳಿದ್ದರು. ಆ ದಾರಿಯ ಆಟೋಗಳು ಒಳಗೆ ಜಾಗವಿಲ್ಲವೆಂದು ಖಾತ್ರಿಯಾಗುವ ತನಕ ಹೊರಡುವುದಿಲ್ಲ. ಆಕೆಗೆ ಇದ್ದದ್ದು ಬೂದೆಪ್ಪನವರ ಬಸ್ಸೊಂದೇ.

ಬೂದೆಪ್ಪನವರು ನಿಲ್ಲಿಸಿದರು, ಸುತ್ತು ಅಮಾನ್ಯವಾಯಿತು. ಮತ್ತೆ ನಿಲ್ಲಿಸಿದರು, ಮತ್ತೆ ಅಮಾನ್ಯವಾಯಿತು. ನಡೆಯದ ಸುತ್ತಿನ ದಿನ ಚಾಲಕ ಕೆಲಸಕ್ಕೆ ಬಂದಿರುವುದಿಲ್ಲ. ಕೆಲಸಕ್ಕೆ ಬಾರದ ದಿನ ಸೇವೆಗೆ ಸೇರುವುದಿಲ್ಲ. ಸೇವೆ ಪೂರ್ತಿಯಾಗದೆ ಪಿಂಚಣಿ ಇಲ್ಲ. ಇದನ್ನು ಸಾಹೇಬರು ಅವರನ್ನು ಎದುರಿಗೆ ನಿಲ್ಲಿಸಿಕೊಂಡು ಬಿಡಿಸಿ ಹೇಳಿದರು.

"ನಿಲ್ಲಸಲಿಲ್ಲಂದ್ರ ಆ ಯವ್ವ ಸಾಯ್ತಾಳ್ರಿ ಸರ್," ಎಂದರು ಬೂದೆಪ್ಪ.

"ನಿಲ್ಲಸಬ್ಯಾಡ ಅಂತ ನಾನೆಲ್ಲಿ ಅಂದೆ? ನಿಲ್ಲಸು. ನಿಲ್ಲಸಿದ್ದು ಲೆಕ್ಕಕ್ಕ ಬರಂಗಿಲ್ಲ, ಅಷ್ಟ."

ಮೂಲೆಯ ಸ್ವಂತ ಕುರ್ಚಿಯಲ್ಲಿ ಕೂತಿದ್ದ ಮಿನಾಜ್‌ಗೆ ಇದನ್ನು ಕೇಳಿ ತಡೆಯಲಾಗಲಿಲ್ಲ. "ಸರ್, ಆಟದಾಗ ಒಂದು ಕೆಲಸಕ್ಕ ನಿಲ್ಲಬೌದ್ರಿ," ಎಂದರು. "ಟೈರ್ ಬದಲಸಾಕ. ನಾಲ್ಕು ತಗದು ನಾಲ್ಕು ಹಾಕೂದು. ಅಷ್ಟೊತ್ತು ನಿಂತ್ರೂ ಲ್ಯಾಪ್ ಕೆಡೂದಿಲ್ಲ."

ಸಾಹೇಬರು ಎದ್ದು ನಿಂತರು. ಬಡವರ ಬಗ್ಗೆ ಅವರಿಗೆ ಮೊದಲಿನಿಂದಲೂ ಕಾಳಜಿ. "ಹಂಗಾದ್ರ ಜನರನ್ನ ಟೈರ್ ಅಂತ ಬರಕೊಂಡ್ರ ಮುಗೀತಲ್ಲ," ಎಂದರು.

ಮರುದಿನವೇ ಆದೇಶ ಹೊರಟಿತು. ದಾರಿಯ ನಡುವೆ ಹತ್ತುವ ಪ್ರಯಾಣಿಕರನ್ನು ಪ್ರಯಾಣದ ಸೀಮಿತ ಉದ್ದೇಶಕ್ಕಾಗಿ ಟೈರುಗಳೆಂದು ಪರಿಗಣಿಸಲಾಗುವುದು. ಒಂದು ನಿಲ್ದಾಣದಲ್ಲಿ ಎಷ್ಟು ಟೈರು ಹತ್ತುತ್ತವೆಯೋ ಅಷ್ಟು ಇಳಿಯತಕ್ಕದ್ದು. ಹೆಚ್ಚು ಸವೆದ ಟೈರು ಮೊದಲು ಇಳಿಯತಕ್ಕದ್ದು. ಸವೆತವನ್ನು ಆಧಾರ್ ಕಾರ್ಡಿನ ಹುಟ್ಟಿದ ತಾರೀಕಿನಿಂದ ನಿರ್ಧರಿಸಲಾಗುವುದು.

ಜನ ಗಲಾಟೆ ಮಾಡುತ್ತಾರೆಂದು ಪೊಲೀಸರನ್ನು ಕರೆಸಿದ್ದೆವು. ಅವರಿಗೆ ಮಾಡಲು ಸಿಕ್ಕ ಕೆಲಸವೆಂದರೆ ಟೈರ್ ಆಗಿ ಹತ್ತಲು ಕೊಡುವ ಪಾಸಿಗೆ ನಿಂತವರ ಸಾಲು ನೇರ ಮಾಡುವುದು. ಈ ದಾರಿಗೆ ಸಂಬಂಧವೇ ಇಲ್ಲದ ಗಿಲ್ಲೆಸುಗೂರಿನವರು ಮನವಿ ಸಲ್ಲಿಸಿ, ತಮ್ಮ ಊರನ್ನು ಮೊದಲಿನಿಂದಲೂ ಕಡೆಗಣಿಸಲಾಗಿದೆ, ತಮ್ಮನ್ನೂ ಟೈರ್ ಮಾಡಬೇಕು ಎಂದು ಕೇಳಿಕೊಂಡರು. ಯಾಪಲದಿನ್ನಿಯವರು ಅದಕ್ಕೂ ಮೊದಲೇ ಶಿಫಾರಸು ಪತ್ರ ತಂದಿದ್ದರು.

ಮಾರೆಮ್ಮನಿಗೂ ಪಾಸು ಸಿಕ್ಕಿತು. ಆದರೆ ಮಾನ್ವಿಗೆ ಸ್ವಲ್ಪ ಮೊದಲು, ಭತ್ತದ ಗದ್ದೆಗಳ ನಡುವೆ ಕಾಲುವೆ ಕ್ರಾಸ್ ಎಂಬ ನಿಲ್ದಾಣ ಬರುತ್ತದೆ. ಅಲ್ಲಿ ಕಾಲೇಜಿಗೆ ಹೋಗುವ ನಾಲ್ಕು ಹೊಸ ಟೈರುಗಳು ದಿನಾ ಕಾದಿರುತ್ತಿದ್ದವು. ನಾಲ್ಕು ಹತ್ತಿದರೆ ನಾಲ್ಕು ಇಳಿಯಬೇಕು. ಪ್ರತಿ ಸಲವೂ ಮಾರೆಮ್ಮ ಆ ನಾಲ್ಕರಲ್ಲಿ ಮೊದಲನೆಯವಳು. ಅಲ್ಲಿಂದ ಆಕೆ ಬಿಸಿಲಲ್ಲಿ ನಡೆದು ಹೋಗುತ್ತಿದ್ದಳು. ಒಂದು ಸಲ ದಾರಿಯಲ್ಲೇ ಬಿದ್ದಳು. ಬೂದೆಪ್ಪನವರು ಅದನ್ನು ಕನ್ನಡಿಯಲ್ಲಿ ನೋಡಿದರು, ಗಾಡಿ ನಿಲ್ಲಿಸಲಿಲ್ಲ. ಅವರ ಸುತ್ತುಗಳು ಮಾನ್ಯವಾಗತೊಡಗಿದ್ದವು.

ಅವರ ಸೇವೆಯ ಕೊನೆಯ ದಿನ ಏಪ್ರಿಲ್ ತಿಂಗಳಲ್ಲಿ ಬಂತು. ಬೆಳಿಗ್ಗೆ ಹಾರ ಹಾಕಿ ಕಳಿಸಿದೆವು. ಸಮಯ ನಮೂದಿಸಲು ನಾನೂ ಬಸ್ಸಿನಲ್ಲಿದ್ದೆ. ಕಾಲುವೆ ಕ್ರಾಸಿನಲ್ಲಿ ಹೊಸ ಟೈರುಗಳು ಹತ್ತಿದವು. ಕಂಡಕ್ಟರ್ ಪೀರಾ ಸಾಬ್ ಮಾರೆಮ್ಮನ ಹತ್ತಿರ ಬಂದು, "ಇಳೀಬೇಕಾಗ್ತದ ಯವ್ವಾ," ಎಂದರು.

"ಇಳೀತೀನಪಾ. ಟೈರ್ ಅಂದ ಮ್ಯಾಲ ಸವಿಯೂದು ಇದ್ದದ್ದ."

ನಾನು ಕೂತೇ ಇದ್ದೆ. ಸಿಬ್ಬಂದಿ ಟೈರಿನ ವ್ಯಾಖ್ಯೆಯಲ್ಲಿ ಬರುವುದಿಲ್ಲ.

ಆಕೆಯ ಜೊತೆ ಇಳಿದ ಮೂವರು ಮುದುಕರು ಅಲ್ಲೇ ಗಿಡದ ಕೆಳಗೆ ಕೂತರು. ಮಾರೆಮ್ಮ ನಡೆಯತೊಡಗಿದಳು. ಬೂದೆಪ್ಪನವರು ಗಾಡಿ ಹೊರಡಿಸಿ, ಆಕೆಯ ಸಮಕ್ಕೆ ತಂದು, ಮೊದಲ ಗೇರಿನಲ್ಲೇ ಬಿಟ್ಟರು. ಹೊತ್ತೇರಿದ ಬಿಸಿಲು ಬಾಗಿಲ ಕಡೆಯಿಂದ ಬೀಳುತ್ತಿತ್ತು. ಬಸ್ಸಿನ ನೆರಳು ಚಾಲಕನ ಕಿಟಕಿಯ ಕೆಳಗೆ, ರಸ್ತೆಯ ನಡುವೆ ಬಿದ್ದಿತ್ತು. "ಈ ಕಡಿ ಬಾ ಯವ್ವಾ," ಎಂದು ಕರೆದರು. ಆಕೆ ಬಂದಳು. ಬಸ್ಸು ಆಕೆಯ ನಡಿಗೆಯಷ್ಟೇ ನಿಧಾನ ಸಾಗಿತು. ಆಕೆ ಸುಧಾರಿಸಿಕೊಳ್ಳಲು ನಿಂತರೆ ಬಸ್ಸು ಹುಳುವಿನಂತೆ ತೆವಳುತ್ತಿತ್ತು, ನಿಲ್ಲುತ್ತಿರಲಿಲ್ಲ. ಎದುರಿನಿಂದ ಬಂದ ಅಕ್ಕಿ ಲಾರಿಗಳು ಪಕ್ಕಕ್ಕಿಳಿದು ನಿಂತವು. ಲಾರಿಗಳಿಗೆ ನಮ್ಮ ನಿಯಮ ಇನ್ನೂ ಬಂದಿಲ್ಲ.

"ನಿನ್ನ ಸುತ್ತು ಕೆಡ್ತದೋ ಬೂದೆಪ್ಪಾ," ಎಂದಳು ಮಾರೆಮ್ಮ.

"ಕೆಡಂಗಿಲ್ಲ ಯವ್ವಾ. ಗಾಡಿ ನಿಂತಿಲ್ಲ, ರಸ್ತಾ ಬಿಟ್ಟಿಲ್ಲ. ನೀ ನೆರಳ ಬಿಟ್ಟು ಹೋಗಬ್ಯಾಡ."

ನಾನು ನಿಯಮಾವಳಿ ತೆಗೆದು ಹುಡುಕಿದೆ. ನೆರಳಿನ ಬಗ್ಗೆ ಒಂದಕ್ಷರವೂ ಇರಲಿಲ್ಲ. ಬರೆದವನು ನಾನಾದ್ದರಿಂದ ನಾಚಿಕೆಯಾಯಿತು.

ಆ ದಿನದ ಸುತ್ತು ಪ್ರಾಧಿಕಾರದ ಚರಿತ್ರೆಯಲ್ಲೇ ಅತಿ ನಿಧಾನದ್ದು. ಸರಾಸರಿ ವೇಗ ಕುಸಿಯಿತು. ನಿಂಗರಾಜ ಅವರು ಓಡಿ ಬಂದು, "ಒಂದು ಸುತ್ತಿನಿಂದ ರಸ್ತಾದ ಮರ್ಯಾದಿ ಹೋಗಾಕತ್ತದ್ರಿ ಸರ್," ಎಂದು ಅಳುದನಿಯಲ್ಲಿ ಹೇಳಿದರು. ಆ ಸುತ್ತನ್ನು ಪಟ್ಟಿಯಿಂದ ತೆಗೆದುಹಾಕಲು ಸಾಹೇಬರು ಸೂಚಿಸಿದಾಗ ಮಿನಾಜ್ ಕೈ ಕಟ್ಟಿಕೊಂಡು ಕೂತರು. "ಇದು ಮಾನ್ಯ ಅದರಿ. ಒಂದು ನಿಯಮಾನೂ ಮುರದಿಲ್ಲ. ನಾ ತಗ್ಯಂಗಿಲ್ಲ."

ಆಗ ಅಂದಿನ ಬೆಳಗಿನಿಂದಲೇ ಜಾರಿಗೆ ಬರುವಂತೆ ಹೊಸ ನಿಯಮ ಮಾಡಬೇಕಾಯಿತು: ನಡೆದು ಹೋಗುವವರನ್ನು ಹಿಂದೆ ಹಾಕದ ಸುತ್ತು ಸುತ್ತಲ್ಲ. ಹಳೆಯ ಸುತ್ತೋಲೆಗಳಿಗಿಂತ ಇದರ ಭಾಷೆ ಚೆನ್ನಾಗಿದೆಯೆಂದು ಎಲ್ಲರೂ ಮೆಚ್ಚಿದರು. ಮಿನಾಜ್ ತಮ್ಮ ಕುರ್ಚಿ ಎತ್ತಿಕೊಂಡು ಮನೆಗೆ ಹೋದರು. ಪಟ್ಟಿಯನ್ನು ಈಗ ನಾನೇ ನೋಡಿಕೊಳ್ಳುತ್ತೇನೆ.

ಬೂದೆಪ್ಪನವರ ಕೊನೆಯ ದಿನ ಹೀಗೆ ನಡೆಯದೆ ಹೋಯಿತು. ಕೊನೆಯ ದಿನ ಕೆಲಸ ಮಾಡದವರು ನಿವೃತ್ತರಾಗುವಂತಿಲ್ಲ. ಹಾರವನ್ನು ವಾಪಸು ಪಡೆದು, ಮರುದಿನ ಬಂದು ಕೊನೆಯ ದಿನವನ್ನು ಪೂರೈಸತಕ್ಕದ್ದೆಂದು ಮೆಮೊ ಕೊಟ್ಟೆವು. ಅವರು ಓದಿ, "ಆತ್ರಿ," ಎಂದರು. ಮರುದಿನ ಮಾರೆಮ್ಮನ ಆಸ್ಪತ್ರೆಯ ದಿನವಲ್ಲ, ಕಾಲುವೆ ಕ್ರಾಸಿನಲ್ಲಿ ಬೇರೆ ಸವೆದ ಟೈರುಗಳು ಇಳಿದವು. ಬಸ್ಸು ಅವರ ಪಕ್ಕದಲ್ಲೇ ನಡೆದು ಹೋಯಿತು, ಆ ದಿನವೂ ಲೆಕ್ಕಕ್ಕೆ ಬರಲಿಲ್ಲ.

ಒಂದು ತಿಂಗಳಾದ ಮೇಲೆ ನನಗೇ ಕೆಡುಕೆನಿಸಿ, "ಒಂದು ದಿನ ಗಾಡಿ ಜೋರಾಗಿ ಹೊಡೆದುಬಿಡ್ರಿ ಬೂದೆಪ್ಪನೋರ, ಪಿಂಚಣಿ ಬರ್ತದ," ಎಂದೆ.

"ಬರ್ತದ್ರಿ. ಮರದಿನ ಈ ಸೀಟಿನ್ಯಾಗ ಯಾರು ಕೂಡ್ತಾರ?"

ಹೊಸ ಚಾಲಕನ ಹೆಸರು ಆಗಲೇ ಮಂಜೂರಾಗಿತ್ತು. ಸಣ್ಣ ವಯಸ್ಸು, ಒಳ್ಳೆಯ ವೇಗ.

ಈಗ ಎಲ್ಲವೂ ವ್ಯವಸ್ಥಿತವಾಗಿ ನಡೆಯುತ್ತಿದೆ. ಜಿಲ್ಲೆಗೆ ವೇಗದ ರಸ್ತೆಯ ಪ್ರಶಸ್ತಿ ಬಂದಿದೆ, ಸಾಹೇಬರಿಗೆ ಬಡ್ತಿ ಸಿಕ್ಕಿದೆ. ಬಸ್ಸಿನ ಸುತ್ತುಗಳೆಲ್ಲ ಅಮಾನ್ಯವಾದ್ದರಿಂದ ಸರಾಸರಿಯನ್ನು ಮತ್ತೆ ಆಟದಿಂದಲೇ ತೆಗೆಯುತ್ತೇವೆ. ಬೂದೆಪ್ಪನವರಿಗೆ ನಡೆಯದ ದಿನಕ್ಕೆ ಸಂಬಳವಿಲ್ಲ, ನಿವೃತ್ತರಾಗದೆ ಪಿಂಚಣಿಯಿಲ್ಲ. ಜನ ಜೋಳ, ಅಕ್ಕಿ ತಂದು ಎಂಜಿನ್ ಪಕ್ಕ ಇಟ್ಟು ಹೋಗುತ್ತಾರೆ, ಅದನ್ನು ನಾವು ಬಿಡಿಭಾಗ ಎಂದು ತೋರಿಸಿದ್ದೇವೆ. ಮಾನ್ವಿಯ ಆಸ್ಪತ್ರೆಯಲ್ಲಿ ಮಾರೆಮ್ಮನನ್ನು ಕೊನೆಯ ಪಾಳಿಗೆ ಹಾಕಿದ್ದಾರೆ, ಹೋಗಿ ಮುಟ್ಟಲು ಸಮಯ ಸಾಕಾಗುತ್ತದೆ. ಕಾಲುವೆ ಕ್ರಾಸಿನಿಂದ ಆ ನೆರಳಿನಲ್ಲಿ ಈಗ ಹತ್ತಾರು ಜನ ಸಾಲಾಗಿ ನಡೆಯುತ್ತಾರೆ, ಒಳಗೆ ಕೂತವರು ಕಿಟಕಿಯಿಂದ ನೀರಿನ ಬಾಟಲಿ ಕೊಡುತ್ತಾರೆ, ಯಾರೂ ದೂರು ಕೊಟ್ಟಿಲ್ಲ. ಬೂದೆಪ್ಪನವರು ದಿನಾ ಬೆಳಿಗ್ಗೆ ಕಚೇರಿಗೆ ಬಂದು, ಇವತ್ತು ತಮ್ಮ ಕೊನೆಯ ದಿನವೆಂದು ಸಹಿ ಮಾಡಿ ಹೋಗುತ್ತಾರೆ.