ವೇಣುವಿಗೊಂದು ಬೇರೆ ಎಲೆ

"ಕಾಗೆ ಬಂದು ತಿನ್ನದೆ ನಾನು ಬೆಂಗಳೂರಿಗೆ ವಾಪಸ್ ಬರೋನೇ ಅಲ್ಲ!" ಎಂದು ಚಿದಾನಂದ ಜೆ.ಪಿ. ನಗರದ ತನ್ನ ಮನೆಯ ನಡುವೆ ನಿಂತು ಘೋಷಿಸಿದಾಗ, ಹೆಂಡತಿ ಮೇಘಶ್ರೀ ಹುರುಳಿಕಾಯಿ ಸೋಸುತ್ತಿದ್ದಳು.

"ಹಾಗಾದ್ರೆ ಸೋಮವಾರ ನಿಮ್ಮ ಆಫೀಸಿಗೆ ಏನಂತ ಫೋನ್ ಮಾಡ್ಲಿ?" ಎಂದಷ್ಟೇ ಕೇಳಿದಳು.

ಶಪಥಕ್ಕೆ ಕಾರಣವಿತ್ತು. ಅವನ ಜೀವದ ಗೆಳೆಯ ವೇಣು ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ಹನ್ನೊಂದನೆಯ ದಿನದ ತಿಥಿಗೆ ಬನಶಂಕರಿಯ ಅವನ ಮನೆಯ ತಾರಸಿಯ ಮೇಲೆ ಎಲೆ ಇಟ್ಟು ಕಾದರೆ ಒಂದು ಕಾಗೆಯೂ ಬರಲಿಲ್ಲ. ಬಂದದ್ದು ಪಾರಿವಾಳಗಳ ದಂಡು! ಪುರೋಹಿತರು "ಅಡ್ಜಸ್ಟ್ ಮಾಡ್ಕೊಳ್ಳಿ, ಇದೂ ಪಕ್ಷಿನೇ" ಎಂದು ಸ್ಕೂಟರ್ ಹತ್ತಿದರು. ವೇಣುವಿನ ಹೆಂಡತಿ ಲತಾಮಣಿಗೆ ಮಾತ್ರ ಅಡ್ಜಸ್ಟ್ ಆಗಲಿಲ್ಲ. "ಏನೋ ಆಸೆ ಇಟ್ಕೊಂಡೇ ಹೋದ್ರು ಅಣ್ಣ" ಎಂದವಳು ಅಂದಿನಿಂದ ನಕ್ಕಿರಲಿಲ್ಲ.

ವೇಣುವಿನ ಆಸೆ ಚಿದಾನಂದನಿಗೆ ಗೊತ್ತಿತ್ತು: ಸಮುದ್ರ. ಭಾನುವಾರ ಬಂತೆಂದರೆ ಜಯನಗರದ ಹೋಟೆಲಿನಲ್ಲಿ ಎದುರು ಕೂತು "ಮುಂದಿನ ವಾರ ಸಮುದ್ರಕ್ಕೆ ಹೋಗೋಣ ಮಗಾ" ಎನ್ನುವನು. "ನಂಗೇನೂ ಬೇಡ, ಹೊಟ್ಟೆ ತುಂಬಿದೆ" ಎನ್ನುತ್ತಲೇ ಚಿದಾನಂದನ ತಟ್ಟೆಯ ವಡೆಯನ್ನು ಮುರಿದು ಬಾಯಿಗೆ ಹಾಕಿಕೊಳ್ಳುವನು. "ಬೇರೆ ಪ್ಲೇಟ್ ತಗೊಳ್ಳೋ!" ಎಂದು ಇವನು ಗದರುವನು. ಆ ಮುಂದಿನ ವಾರವೂ ಬರಲಿಲ್ಲ, ಬೇರೆ ಪ್ಲೇಟೂ ಬರಲಿಲ್ಲ.

ಹೀಗಾಗಿ ಚಿದಾನಂದ, ಮೇಘಶ್ರೀ, ಮಗಳು ತೇಜಸ್ವಿನಿ ಮತ್ತು ಲತಾಮಣಿ ರಾತ್ರಿ ಬಸ್ಸು ಹಿಡಿದು, ಬೆಳಗಾಗುವಾಗ ಸೋಮೇಶ್ವರದ ಕಡಲ ಬಂಡೆಗಳ ಮುಂದೆ ಇಳಿದರು. ಕಪ್ಪು ಬಂಡೆಗಳು, ಅವುಗಳ ಮೇಲೆ ಸಿಡಿದು ಹಾಲಾಗುವ ಅಲೆಗಳು. ತೆಂಗಿನ ಮರದಲ್ಲಿ ಸಾಲಾಗಿ ಕೂತ ಕಾಗೆಗಳು!

"ನೋಡಮ್ಮ ಲತಾ, ಫುಲ್ ಹೌಸ್!" ಎಂದ ಚಿದಾನಂದ. "ಅವನು ತಿನ್ನೋವರೆಗೂ ನಮ್ಮಲ್ಲಿ ಯಾರೂ ಒಂದು ತುತ್ತೂ ಮುಟ್ಟಂಗಿಲ್ಲ."

ಎಲೆಯ ಮೇಲೆ ತಟ್ಟೆ ಇಡ್ಲಿ, ವಡೆ, ಖಾರಾ ಬನ್, ಕೇಸರಿಬಾತು. ವೇಣುವಿಗೆ ಬದುಕಿದ್ದಾಗಲೂ ಇಂಥ ರಾಜೋಪಚಾರ ಸಿಕ್ಕಿರಲಿಲ್ಲ. ಮೊದಲ ಎಲೆಯನ್ನು ಗಾಳಿ ಹೊತ್ತುಕೊಂಡು ಹೋಗಿ ಮೇಘಶ್ರೀಯ ಸೀರೆಗೆ ಕೇಸರಿಬಾತಿನ ಅಭಿಷೇಕ ಮಾಡಿತು. ಎರಡನೆಯದನ್ನು ಅಲೆ ನುಂಗಿತು, ಜೊತೆಗೆ ಚಿದಾನಂದನ ಒಂದು ಚಪ್ಪಲಿಯನ್ನೂ. ಅದನ್ನು ಹಿಡಿಯಹೋದ ಮಹಾಶೂರ ಪಾಚಿಯ ಮೇಲೆ ಜಾರಿ ಕುಕ್ಕರಿಸಿದ, ಪ್ಯಾಂಟು ಪರ್ರೆಂದಿತು. ಅವನು ಬಿಟ್ಟಾನೆಯೇ? ಟವೆಲ್ ಸುತ್ತಿಕೊಂಡು, ಮೂರನೆಯ ಎಲೆಯ ನಾಲ್ಕೂ ಮೂಲೆಗೆ ಕಲ್ಲು ಹೇರಿದ.

ಕಾಗೆಗಳು ನೋಡಿದವು. ಒಂದೂ ಇಳಿಯಲಿಲ್ಲ.

"ಇನ್ನೂ ಏನೋ ಆಸೆ ಇದೆ. ಮಾತು ಕೊಡಿ," ಎಂದಳು ಮೇಘಶ್ರೀ.

"ವೇಣು, ಲತಾನ ನನ್ನ ಸ್ವಂತ ತಂಗಿ ಥರ ನೋಡ್ಕೋತೀನಿ ಕಣೋ!"

ಕಾಗೆ ಅಲುಗಲಿಲ್ಲ.

"ಅಡುಗೆಮನೆಗೆ ಪೇಂಟ್ ಮಾಡಿಸ್ತೀನಿ ಅನ್ನಿ."

"ಅದು ವೇಣುದೇನೇ ಆಸೆ?"

"ಬಂದಾಗೆಲ್ಲ ಗೋಡೆ ನೋಡಿ 'ಅಯ್ಯೋ ಅತ್ತಿಗೆ' ಅಂತಿದ್ರು ರೀ!"

ಮಾತು ಕೊಟ್ಟ. ತೇಜಸ್ವಿನಿಗೂ ನೆನಪಾಯಿತು: "ಅಪ್ಪಾ, ನಂಗೆ ಸ್ಕೂಟಿ ಕೊಡಿಸ್ತೀನಿ ಅಂತ ವೇಣು ಅಂಕಲ್ ಹೇಳಿದ್ರು!" ಅದನ್ನೂ ಕೊಟ್ಟ. ಮೀಸೆ ಬೋಳಿಸುವ ಮಾತನ್ನೂ, ಅತ್ತೆಯ ಮನೆಗೆ ತಿಂಗಳಿಗೊಮ್ಮೆ ಹೋಗುವ ಮಾತನ್ನೂ ಕಡಲ ಸಾಕ್ಷಿಯಾಗಿ ಕೊಟ್ಟ. ಬಿಸಿಲು ನೆತ್ತಿಗೆ ಬಂತು. ಹಸಿವಿಗೆ ಕಣ್ಣು ಕತ್ತಲಿಟ್ಟಿತು. ಕಾಗೆ ಬರಲಿಲ್ಲ.

ಲತಾಮಣಿ ಮೆಲ್ಲಗೆ ಹೇಳಿದಳು, "ಸಾಕಣ್ಣ. ನೀವು ಇಷ್ಟು ಮಾಡಿದ್ರಲ್ಲ. ಹಸ್ಕೊಂಡಿದೀರ, ತಿನ್ನಿ."

ಮೊದಲ ಬಾರಿಗೆ ಚಿದಾನಂದನಿಗೆ ಕೊಡಲು ಯಾವ ಮಾತೂ ಉಳಿದಿರಲಿಲ್ಲ. ಸೋತು ಬಂಡೆಯ ಮೇಲೆ ಕುಸಿದು, ಡಬ್ಬಿಯಲ್ಲಿ ತನಗೆಂದು ಎತ್ತಿಟ್ಟಿದ್ದ ವಡೆಯನ್ನು ಬಾಯಿಯ ಹತ್ತಿರ ತಂದ.

ರಪ್ಪನೆ ಕಪ್ಪಗಿನದೊಂದು ಕಿವಿಯ ಪಕ್ಕದಲ್ಲೇ ಎರಗಿತು! ಕಣ್ಣು ಬಿಟ್ಟಾಗ ಕೈಯಲ್ಲಿ ಅರ್ಧ ವಡೆ. ಇನ್ನರ್ಧ ತೆಂಗಿನ ಮರದಲ್ಲಿ.

"ಲೋ! ಬೇರೆ ಪ್ಲೇಟ್..." ಎಂದು ಕೂಗಿದವನು ಅಷ್ಟಕ್ಕೇ ನಿಂತ.

ಹಿಂದೆ ಒಂದು ಸದ್ದು. ಲತಾಮಣಿ ಸೆರಗನ್ನು ಬಾಯಿಗೊತ್ತಿಕೊಂಡಿದ್ದಳು. ಅಳುತ್ತಿದ್ದಾಳೆ ಎಂದುಕೊಂಡ. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕಣ್ಣಲ್ಲಿ ನೀರು ಬೇರೆ. "ತಪ್ಪು ನಮ್ದೇ ಅಣ್ಣ! ಅವರಿಗೆ ಯಾಕೆ ಬೇರೆ ಎಲೆ ಹಾಕಿದ್ವಿ?"

ಚಿದಾನಂದ ಉಳಿದರ್ಧವನ್ನೂ ಅಂಗೈಯಲ್ಲಿಟ್ಟು ಮರದತ್ತ ಚಾಚಿದ. "ತಗೋ ಮಗಾ. ಇನ್ಮೇಲೆ ಗದರಲ್ಲ."

"ರೀ," ಎಂದಳು ಮೇಘಶ್ರೀ, ಕೇಸರಿಬಾತಿನ ಸೆರಗು ಕೊಡವುತ್ತಾ, "ತಿಂದಾಯ್ತಲ್ಲ, ಪೇಂಟಿನವನಿಗೆ ಸೋಮವಾರನೇ ಬರೋಕೆ ಹೇಳ್ಲಾ?"