ನಾನು ಕುಡಿಯದೇ ಬಿಟ್ಟ ಕುಡಿತ

ಕುಡಿಯುವುದಿಲ್ಲ ಎಂದು ಹೇಳಿಕೊಳ್ಳುವ ಗಂಡಸನ್ನು ಜನ ಎರಡು ಕಾರಣಕ್ಕೆ ದೂರ ಇಡುತ್ತಾರೆ. ಅವನು ಸುಳ್ಳು ಹೇಳುತ್ತಿರಬಹುದು ಎಂಬುದು ಒಂದು. ನಿಜವನ್ನೇ ಹೇಳುತ್ತಿರಬಹುದು ಎಂಬುದು ಇನ್ನೊಂದು, ಅದು ಇನ್ನೂ ಅಪಾಯ. ನಾನು ಈ ಎರಡನೇ ಪೈಕಿಯವನು. ಇದರಲ್ಲಿ ನನ್ನ ದೊಡ್ಡತನವೇನೂ ಇಲ್ಲ. ಇಪ್ಪತ್ತನೇ ವಯಸ್ಸಿನಲ್ಲಿ ಗೆಳೆಯನೊಬ್ಬನ ಮದುವೆಗೆ ಹೋಗಿ, ಗ್ಲಾಸನ್ನು ಮೂಗಿನ ತನಕ ತಂದು, ಬರೀ ವಾಸನೆಗೇ ಮದುಮಗನ ಹೊಸ ಅಂಗಿಯ ಮೇಲೆ ವಾಂತಿ ಮಾಡಿದೆ. ಗೆಳೆತನವೂ ಕುಡಿತವೂ ಒಟ್ಟಿಗೇ ಮುಗಿದವು. ಆದರೆ ನೌಕರಿಗೆ ಸೇರಿದ ಮೇಲೆ ಈ ಹೊಟ್ಟೆಯ ದೌರ್ಬಲ್ಯಕ್ಕೇ ಚಾರಿತ್ರ್ಯ ಎಂದು ಹೆಸರಿಟ್ಟುಕೊಂಡು ಇಪ್ಪತ್ತಾರು ವರ್ಷ ಎದೆಯುಬ್ಬಿಸಿ ತಿರುಗಿದೆ. ಆ ಹೆಸರು ಒಂದೇ ದಿನದಲ್ಲಿ, ಕಣ್ಣಿನ ಪಕ್ಕದ ದಾರದಷ್ಟು ದಪ್ಪವೂ ಇಲ್ಲದ ಒಂದು ನರದ ದೆಸೆಯಿಂದ ಮಣ್ಣುಗೂಡಿತು.

ನಾನು ಸರ್ಕಾರಿ ಭೂಮಾಪಕ. ಹೊಲದ ಗಡಿ ಅಳೆದು, ಬಾಂದುಗಲ್ಲು ಎಲ್ಲಿರಬೇಕೆಂದು ಹೇಳುವುದು ನನ್ನ ಕೆಲಸ. ಕಚೇರಿ ಯಾವ ಊರಿನಲ್ಲಿದೆ ಎಂದು ಮಾತ್ರ ಹೇಳುವುದಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಡೆ ದುಡಿದಿದ್ದೇನೆ, ಮೂರೂ ಕಡೆ ನೆಂಟರಿದ್ದಾರೆ, ಈಗ ಹೇಳಹೊರಟ ಸುದ್ದಿ ಮೂರೂ ಕಡೆ ನನಗಿಂತ ಮೊದಲೇ ತಲುಪಿದೆ. ಅಳತೆಗೆ ಹೋದಲ್ಲಿ ರೈತರು ಸಂಜೆಯ ಏರ್ಪಾಡಿನ ಮಾತೆತ್ತಿದರೆ "ನಾವು ಮುಟ್ಟೋದಿಲ್ಲರೀ" ಎನ್ನುವಾಗ ನನ್ನ ಕೊರಳು ನಾಲ್ಕು ಬೆರಳು ಉದ್ದವಾಗುತ್ತಿತ್ತು. ಮುಟ್ಟುವ ಸಹೋದ್ಯೋಗಿಗಳಿಗೆ ಬಿಡುವಿದ್ದಾಗಲೆಲ್ಲ ಬುದ್ಧಿ ಹೇಳುತ್ತಿದ್ದೆ. ಅವರು ತಲೆಬಗ್ಗಿಸಿ ಕೇಳುತ್ತಿದ್ದರು. ನಾಚಿಕೆಯಿಂದ ಎಂದುಕೊಂಡಿದ್ದೆ. ಅವರು ನಾನು ಬೀಳುವ ದಿನವನ್ನು ಕಾಯುತ್ತಿದ್ದರು ಎಂದು ಆಮೇಲೆ ತಿಳಿಯಿತು.

ಒಂದು ಮುಂಜಾನೆ ಕಣ್ಣು ಬಿಟ್ಟರೆ ತಲೆಯ ಮೇಲೆ ಎರಡು ಫ್ಯಾನು ತಿರುಗುತ್ತಿದ್ದವು. ಆ ಕೋಣೆಯಲ್ಲಿ ಇರುವುದು ಒಂದೇ. ಕಣ್ಣುಜ್ಜಿಕೊಂಡೆ. ಎರಡೂ ತಮ್ಮ ಪಾಡಿಗೆ ತಿರುಗುತ್ತಲೇ ಇದ್ದವು. ಎಡಗಡೆಯ ಬಾಗಿಲಿನಿಂದ ನನ್ನ ಹೆಂಡತಿ ಅನ್ನಪೂರ್ಣ ಚಹಾ ತಂದಳು. ಬಂದವರು ಇಬ್ಬರು. ಒಬ್ಬಳ ಪ್ರಶ್ನೆಗೇ ಸರಿಯಾಗಿ ಉತ್ತರ ಕೊಡಲಾಗದ ನಾನು ಗಾಬರಿಯಾಗಿ ಕೈಚಾಚಿದೆ. ಕೈಗೆ ಸಿಕ್ಕದ್ದು ಇಲ್ಲದ ಕಪ್ಪು. ಇದ್ದ ಕಪ್ಪು ಹಾಸಿಗೆಯ ಮೇಲೆ ಬಿತ್ತು.

"ಏನಾತ್ರೀ? ಕೈ ಯಾಕ ಹಂಗ ಹೋಗಾಕತ್ತಾವು?" ಎಂದಳು.

"ಕಣ್ಣಾಗ ಕಸ ಬಿದ್ದೈತಿ," ಎಂದೆ.

ಒಂದು ಕಣ್ಣು ಮುಚ್ಚಿದರೆ ಎಲ್ಲವೂ ಒಂದೊಂದೇ ಕಾಣುತ್ತಿತ್ತು. ಹಾಗಾದರೆ ಕಸವೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆ ದಿನದ ಅಳತೆಯನ್ನು ಮುಂದೂಡುವಂತಿರಲಿಲ್ಲ. ಜವಳಗೇರಾದ ಆಚೆ, ಕಾಲುವೆ ನೀರಿನ ಭತ್ತದ ಗದ್ದೆಗಳಲ್ಲಿ ಇಬ್ಬರು ದಾಯಾದಿಗಳಿಗೆ ಒಂದು ಬದುವಿನ ಜಗಳವಿತ್ತು. ಎರಡು ಸಲ ಮುಂದೂಡಿ ಇಬ್ಬರಿಂದಲೂ ಬೈಸಿಕೊಂಡಾಗಿತ್ತು. ಹೊರಟೆ. ಬಸ್ ನಿಲ್ದಾಣದಲ್ಲಿ ಒಂದು ಕಣ್ಣು ಮುಚ್ಚಿ ನಿಂತರೆ ಎದುರಿನ ಬೆಂಚಿನ ಹೆಂಗಸು ತನಗೇ ಕಣ್ಣು ಹೊಡೆಯುತ್ತಿದ್ದೇನೆ ಎಂದುಕೊಂಡು ದುರುಗುಟ್ಟಿ ನೋಡಿದಳು. ಮಾನ ಉಳಿಸಿಕೊಳ್ಳಲು ಎರಡೂ ಕಣ್ಣು ತೆರೆದೆ. ಅಷ್ಟರಲ್ಲಿ ಬಸ್ಸು ಬಂತು, ಅಂದರೆ ಎರಡು ಬಸ್ಸು ಬಂದವು, ನಾನು ಇಲ್ಲದ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟೆ. ಎತ್ತಿ ನಿಲ್ಲಿಸಿದ ಕಂಡಕ್ಟರು ಕರುಣೆಯಿಂದಲೇ ಕೇಳಿದ: "ಮುಂಜಾನೆನ ಹಾಕ್ಕೊಂಡು ಬಂದೀರೇನ್ರೀ ಯಜಮಾನ್ರ?" ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಹಾಗೆ ನಗಬಾರದಿತ್ತು.

ಗದ್ದೆಯ ಬದು ಒಂದೂವರೆ ಅಡಿ ಅಗಲ. ನನಗೆ ಎರಡು ಬದು ಕಾಣುತ್ತಿದ್ದವು, ಎರಡರ ಕೊನೆಗೂ ಒಂದೊಂದು ಕಲ್ಲು. ಯಾವುದು ನಿಜವಾದ ಬದು ಎಂದು ಯಾರನ್ನಾದರೂ ಕೇಳಬಹುದಿತ್ತು. ಆದರೆ ಅದನ್ನು ಹೇಳಲಿಕ್ಕೆಂದೇ ಸರ್ಕಾರ ನನ್ನನ್ನು ಅಲ್ಲಿಗೆ ಕಳಿಸಿತ್ತು. ಹತ್ತು ಹೆಜ್ಜೆ ನಡೆದು, ಕಾಗದಪತ್ರದ ಚೀಲದ ಸಮೇತ ಕೆಸರಿನಲ್ಲಿ ಕವುಚಿ ಬಿದ್ದೆ. ಎದ್ದು, ಗೌರವ ಹೋಗದಿರಲೆಂದು ಕೆಸರುಗೈಯಲ್ಲೇ ಗಂಭೀರವಾಗಿ ಕಲ್ಲಿನತ್ತ ಬೆರಳು ತೋರಿಸಿ, "ಅಳತಿ ಇಲ್ಲಿಂದ ಶುರು ಮಾಡ್ರಿ" ಎಂದೆ.

"ಸಾಹೇಬ್ರ, ಅಲ್ಲಿ ಏನೂ ಇಲ್ಲರೀ. ಕಲ್ಲು ಈ ಕಡೆ ಐತಿ," ಎಂದ ದಾಯಾದಿಗಳಲ್ಲಿ ಹಿರಿಯವನು.

ಕಿರಿಯವನಿಗೆ ಅಷ್ಟು ಸಾಕಾಯಿತು. "ನೋಡಿದ್ರೇನ್ರೆಪಾ! ಇವ್ನ ಕಡೆಯವ್ರು ಸಾಹೇಬ್ರಿಗೆ ಕುಡಿಸಿ ಕರಕೊಂಡು ಬಂದಾರ!" ಎಂದು ಕೂಗಿದ. ಹಿರಿಯವನು "ನಾವಲ್ಲ, ನೀವು ಕುಡಿಸೀರಿ" ಎಂದ. ಹೀಗೆ, ಮೂರು ವರ್ಷ ಯಾವ ಮಾತಿಗೂ ಒಪ್ಪದಿದ್ದ ಇಬ್ಬರು ನಾನು ಕುಡಿದಿದ್ದೇನೆ ಎಂಬ ಒಂದು ಮಾತಿಗೆ ಒಪ್ಪಿದರು. ಯಾರೋ ಮೊಬೈಲಿನಲ್ಲಿ ಎಲ್ಲವನ್ನೂ ಚಿತ್ರ ತೆಗೆದರು. ನಾನು ಮನೆ ತಲುಪುವ ಮೊದಲೇ ನನ್ನ ಕೆಸರಿನ ಮುಖ ಚಿನ್ನದ ಗಣಿಯ ಹಟ್ಟಿಯಲ್ಲಿರುವ ನನ್ನ ಭಾವಮೈದುನನ ಮೊಬೈಲಿಗೆ ತಲುಪಿತ್ತು. ಅವನು ಅದನ್ನು ಅಕ್ಕನಿಗೆ ಕಳಿಸಿ ತನ್ನ ಕರ್ತವ್ಯ ಮುಗಿಸಿದ್ದ.

ಬಾಗಿಲಲ್ಲಿ ಅನ್ನಪೂರ್ಣ ನಿಂತಿದ್ದಳು. ಕೆಸರು ಒರೆಸುವವಳ ಹಾಗೆ ಸೆರಗು ಹಿಡಿದು ಹತ್ತಿರ ಬಂದಳು, ನನ್ನ ಗದ್ದಕ್ಕೆ ಕೈಹಚ್ಚಿದಳು, ಮೆಲ್ಲಗೆ ಉಸಿರೆಳೆದು ನನ್ನ ಬಾಯಿ ಮೂಸಿದಳು. ಇಪ್ಪತ್ತನಾಲ್ಕು ವರ್ಷದ ಸಂಸಾರ. ನನ್ನ ಎಷ್ಟೋ ತಪ್ಪುಗಳಿಗೆ ಅವಳು ಬೈದಿದ್ದಾಳೆ, ಅವೆಲ್ಲ ಮರೆತುಹೋಗಿವೆ. ಆ ಒಂದು ಉಸಿರು ಮರೆಯುವುದಿಲ್ಲ.

"ವಾಸನಿ ಏನೂ ಇಲ್ಲ," ಎಂದಳು. ಅವಳ ದನಿಯಲ್ಲಿ ಇನ್ನೂ ಸಮಾಧಾನವಿರಲಿಲ್ಲ.

"ಇಲ್ಲಲ್ಲ?"

"ಇಲ್ಲ. ಆದ್ರ ಈಗೀಗ ವಾಸನಿ ಬರದಂಥವೂ ಬಂದಾವಂತ."

ಮರುದಿನ ಕಚೇರಿಯ ದೊಡ್ಡ ಸಾಹೇಬರು ಕರೆದು, ಬಾಗಿಲು ಹಾಕಿ, "ಮನ್ಯಾಗ ಏನರ ತ್ರಾಸ ಐತೇನ್ರೀ?" ಎಂದು ಮರುಕದಿಂದ ಕೇಳಿದರು. ನಾನು ತಲೆ ಎಡಕ್ಕೆ ಹೊರಳಿಸಿಕೊಂಡು ಅವರನ್ನು ಓರೆಯಾಗಿ ನೋಡುತ್ತ ಕೂತಿದ್ದೆ. ಹಾಗೆ ಕೂತರೆ ಮಾತ್ರ ಅವರು ಒಬ್ಬರೇ ಇರುತ್ತಿದ್ದರು. ಅದನ್ನು ಅವರು ಉದ್ಧಟತನ ಎಂದು ತಿಳಿದರು. ಕೂಡಲೇ ಮರುಕ ಹೋಯಿತು, ರಜೆ ಸಿಕ್ಕಿತು.

ರಾಯಚೂರಿನ ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಪೆನ್ನನ್ನು ನನ್ನ ಮುಖದ ಮುಂದೆ ಆಚೆ ಈಚೆ ಆಡಿಸಿದರು. ಬಲಗಣ್ಣು ಎಲ್ಲ ಕಡೆ ಹೋಯಿತು. ಎಡಗಣ್ಣು ಹೊರಗಡೆಗೆ ಹೋಗಲೊಲ್ಲದೆ ನಡುವಿನಲ್ಲೇ ನಿಂತುಬಿಟ್ಟಿತು. ಕಣ್ಣನ್ನು ಹೊರಕ್ಕೆ ಎಳೆಯಲು ಒಂದು ಸ್ನಾಯು ಇದೆಯಂತೆ, ಅದಕ್ಕೆ ಹುಕುಂ ಕೊಡಲು ಒಂದು ನರ ಇದೆಯಂತೆ. ಸಕ್ಕರೆ ಕಾಯಿಲೆಯಿಂದ ನನ್ನ ಆ ನರಕ್ಕೆ ರಕ್ತ ಸಾಲದಾಗಿ ಅದು ಸೋತು ಕೂತಿತ್ತು. "ಎರಡೂ ಕಣ್ಣು ಒಂದೇ ಕಡೆ ನೋಡದಿದ್ರೆ ಒಂದು ವಸ್ತು ಎರಡಾಗಿ ಕಾಣುತ್ತೆ. ಸಕ್ಕರೆ ಹತೋಟಿಯಲ್ಲಿಟ್ರೆ ಮೂರು ತಿಂಗಳಲ್ಲಿ ತಾನೇ ಸರಿಹೋಗಬಹುದು. ಅಲ್ಲೀ ತನಕ ಒಂದು ಕಣ್ಣಿಗೆ ಪಟ್ಟಿ ಹಾಕ್ಕೊಳ್ಳಿ," ಎಂದರು. ಆಮೇಲೆ ತಲೆಯೆತ್ತದೆ ಕೇಳಿದರು: "ಕುಡಿಯೋ ಅಭ್ಯಾಸ ಇದೆಯಾ?" ಇಲ್ಲ ಎಂದೆ. ಅವರು ಅನ್ನಪೂರ್ಣಳತ್ತ ನೋಡಿದರು. ಅವಳು ನನ್ನತ್ತ ನೋಡಿದಳು.

ಡಾಕ್ಟರರ ಚೀಟಿಯನ್ನು ಕಚೇರಿಗೆ ಕೊಟ್ಟೆ. ಗುಮಾಸ್ತ ಅದನ್ನು ಓದಿ, ಮಡಿಸಿ, "ಛಲೋ ಬರೆಸೀರಿ ಬಿಡ್ರಿ" ಎಂದ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಔಷಧಿ ಅಂಗಡಿಗೆ ಹೋದ ದಿನವೇ ಇನ್ನೊಂದು ಸುದ್ದಿ ಹುಟ್ಟಿತು: ಕುಡಿದು ಜಗಳವಾಡಿ ಕಣ್ಣು ಒಡೆಸಿಕೊಂಡನಂತೆ. ಮೂರು ತಿಂಗಳು ಮನೆಯಲ್ಲಿ ಕೂತೆ. ನೋಡಲು ಬಂದ ನೆಂಟರು ಮೊದಲು ಅಡುಗೆಮನೆಗೆ ಹೋಗಿ ಅನ್ನಪೂರ್ಣಳ ಹತ್ತಿರ ಪಿಸುಗುಟ್ಟಿ, ಆಮೇಲೆ ಹೊರಗೆ ಬಂದು ನನ್ನ ಕಣ್ಣಿನ ಬಗ್ಗೆ ವಿಚಾರಿಸುತ್ತಿದ್ದರು. ಫ್ಯಾನುಗಳು ದಿನದಿನಕ್ಕೆ ಹತ್ತಿರವಾದವು, ಒಂದರ ಮೇಲೊಂದು ಹತ್ತಿದವು, ಒಂದು ಮಧ್ಯಾಹ್ನ ಒಂದೇ ಆದವು. ಸಂತೋಷದಿಂದ ಅನ್ನಪೂರ್ಣಳನ್ನು ಕೂಗಿದೆ. ಅವಳು ದೇವರಿಗೆ ಕೈಮುಗಿದಳು. ಕಣ್ಣಿಗಾಗಿಯೋ ಇನ್ನೊಂದಕ್ಕಾಗಿಯೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಕಚೇರಿಗೆ ಮರಳಿದರೆ ಸ್ವಾಗತವೋ ಸ್ವಾಗತ. ನಾನು ಬುದ್ಧಿ ಹೇಳುತ್ತಿದ್ದ ಸಹೋದ್ಯೋಗಿಗಳೇ ಕೈಕುಲುಕಿದರು. "ಬಿಟ್ರಂತಲ್ರೀ! ಮುಖದ ಮ್ಯಾಲ ಕಳಾ ಬಂದೈತಿ ನೋಡ್ರಿ!"

"ನಾ ಎಂದೂ ಕುಡದಿಲ್ಲಪಾ. ಅದು ಕಣ್ಣಿನ ನರ," ಎಂದೆ.

"ಹೌದ್ರೀ, ಹೌದು. ಮತ್ತ ಹಚ್ಚಿಕೋಬ್ಯಾಡ್ರಿ."

ಕುಡಿದೆ ಎಂಬ ಅಪವಾದಕ್ಕಾದರೂ ಸಿಟ್ಟು ಮಾಡಿಕೊಳ್ಳಬಹುದು. ಬಿಟ್ಟೆ ಎಂಬ ಹೊಗಳಿಕೆಗೆ ಏನು ಮಾಡುವುದು? ತಿಂಗಳೊಪ್ಪತ್ತಿನಲ್ಲಿ ಮುದಗಲ್‌ನಲ್ಲಿ ನಡೆಯುವ ಕುಡಿತ ಬಿಡಿಸುವ ಶಿಬಿರದವರು ಮನೆಗೆ ಬಂದರು. ಬಿಟ್ಟವರು ನಾಲ್ಕು ಮಾತು ಹೇಳಬೇಕು, ಶಾಲು ಹೊದಿಸುತ್ತೇವೆ ಎಂದರು. ನಾನು ಸಿಟ್ಟಿನಿಂದ ಎದ್ದೆ. ಒಳಗಿಂದ ಅನ್ನಪೂರ್ಣ, "ಹೋಗಿ ಬರ್ರಿ. ನಾಕು ಮಂದಿಗೆ ಛಲೋ ಆಕೈತಿ" ಎಂದಳು. ಆಗ ನಿರ್ಧಾರ ಮಾಡಿದೆ. ಹೋಗುತ್ತೇನೆ, ಮೈಕಿನ ಮುಂದೆ ಡಾಕ್ಟರ ಚೀಟಿ ಓದಿ ಎಲ್ಲರ ಬಾಯಿ ಮುಚ್ಚಿಸುತ್ತೇನೆ.

"ನಾನು ಕುಡಿಯುವುದಿಲ್ಲ" ಎಂದು ಶುರುಮಾಡಿದೆ. ಚಪ್ಪಾಳೆ ಬಿತ್ತು. ಚೀಟಿ ತೆಗೆಯುವ ಮೊದಲು ನಡೆದದ್ದನ್ನು ಕ್ರಮವಾಗಿ ಹೇಳೋಣವೆಂದು ಮುಂಜಾನೆಯ ಎರಡು ಫ್ಯಾನಿನಿಂದ ಆರಂಭಿಸಿದೆ. ಚೆಲ್ಲಿದ ಚಹಾ, ಇಲ್ಲದ ಮೆಟ್ಟಿಲು, ನಕ್ಕ ಬಸ್ಸು, ಗದ್ದೆಯ ಕೆಸರು, ಬಾಯಿ ಮೂಸಿದ ಹೆಂಡತಿ. ಹೇಳುತ್ತ ತಲೆಯೆತ್ತಿದರೆ ಮುಂದೆ ಚಾಪೆಯ ಮೇಲೆ ಕೂತ ಗಂಡಸರ ಕಣ್ಣಲ್ಲಿ ನೀರು. ನನಗೆ ಆದದ್ದೆಲ್ಲ ಅಕ್ಷರ ಬಿಡದೆ ಅವರಿಗೂ ಆಗಿತ್ತು. ಹಟ್ಟಿಯ ಗಣಿಯಲ್ಲಿ ಪಾಳಿ ಮೇಲೆ ದುಡಿಯುವ ಒಬ್ಬ ಎದ್ದು ನಿಂತು, "ಸರ, ನನ್ ಹೆಂಡ್ತೀನೂ ಮೂಸ್ತಾಳ್ರೀ. ಎರಡೆರಡು ಕಾಣೋದು ಪೂರಾ ನಿಲ್ಲಾಕ ಎಷ್ಟು ದಿನ ಹಿಡೀತ್ರೀ?" ಎಂದು ಕೇಳಿದ. "ಮೂರು ತಿಂಗಳು," ಎಂದೆ. ಅದು ನಿಜ. ಚೀಟಿ ಜೇಬಿನಲ್ಲೇ ಉಳಿಯಿತು, ಹೆಗಲ ಮೇಲೆ ಶಾಲು ಬಿತ್ತು.

ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಕೋಟೆಯ ಗೋಡೆಗೆ ಹತ್ತಿದ ಓಣಿಯಲ್ಲಿ ಯಮನೂರಪ್ಪನ ಮನೆ ಇರುವುದು ನೆನಪಾಯಿತು. ಅವನು ಹನ್ನೊಂದು ವರ್ಷ ನನ್ನ ಜೊತೆ ಅಳತೆಯ ಸರಪಳಿ ಹಿಡಿದವನು. ಒಂದು ದಿನ ಹೊಲದ ನಡುವೆ ಓಲಾಡಿ ಕುಸಿದು ಕೂತ. ನಾನು "ಕುಡಿದು ಕೆಲಸಕ್ಕೆ ಬಂದಿದ್ದಾನೆ" ಎಂದು ಎರಡು ಸಾಲು ಬರೆದು ಮೇಲಕ್ಕೆ ಕಳಿಸಿದೆ. ಅವನನ್ನು ದೂರಕ್ಕೆ ಎತ್ತಿಹಾಕಿದರು, ಅಲ್ಲೇ ನಿವೃತ್ತನಾದ. ಆ ಹೊತ್ತು ವೇದಿಕೆಯಿಂದ ಇಳಿದ ನನಗೆ ಅವನ ಕೈ ಹಿಡಿದು ತಪ್ಪಾಯಿತು ಎನ್ನಬೇಕೆನಿಸಿತು. ಹೋದೆ. ಕಟ್ಟೆಯ ಮೇಲೆ ಕೂತಿದ್ದವನು ಎದ್ದು ನಿಂತು ಜಾಗ ಕೊಟ್ಟ. ಎಲ್ಲವನ್ನೂ ಹೇಳಿದೆ. ಕೊನೆಯ ತನಕ ಕೇಳಿ ಅವನೆಂದ:

"ಖರೇ ಇರಬೇಕು ಸಾಹೇಬ್ರ. ನೀವು ಕುಡಿಯೋರಲ್ಲಂತ ನನಗ ಗೊತ್ತೈತಿ."

ಇಷ್ಟು ದಿನದಲ್ಲಿ ಈ ಮಾತು ಹೇಳಿದವನು ಅವನೊಬ್ಬನೇ. "ಯಮನೂರಪ್ಪ, ಅವತ್ತು ನೀ..." ಎಂದೆ.

"ಇಲ್ಲರೀ. ಎರಡು ದಿನದ ಜ್ವರ ಇತ್ತು. ಅವತ್ತೂ ಹೇಳಿದ್ನಲ್ರೀ," ಎಂದ, ಸಿಟ್ಟಿಲ್ಲದೆ.

ಕೈಮುಗಿಯಬೇಕಾದ ಗಳಿಗೆ ಅದು. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡೇ ಬಂದಿದ್ದೆ. ಆದರೆ ನನ್ನ ಕಣ್ಣುಗಳೆರಡೂ, ಒಂದಿಷ್ಟೂ ಓರೆಯಾಗದೆ, ಅವನ ಮುಖದ ಮೇಲೆ ಹೋಗಿ ನಿಂತವು. ಕಣ್ಣು ಕೆಂಪಿದೆಯೇ, ತುಟಿ ಒಣಗಿದೆಯೇ, ಇವನು ಹೇಳುತ್ತಿರುವುದು ನಿಜವೇ ಎಂದು ಹುಡುಕತೊಡಗಿದವು. ಯಮನೂರಪ್ಪ ಅದನ್ನು ಕಂಡ. ಕಂಡೂ ಕಾಣದವನ ಹಾಗೆ ಒಳಗಿನಿಂದ ಬಂದ ಬಟ್ಟಲನ್ನು ನನ್ನ ಕೈಗಿಟ್ಟು, "ಚಹಾ ಕುಡೀರಿ ಸಾಹೇಬ್ರ, ಬಸ್ಸಿನ ಹೊತ್ತಾತು" ಎಂದ. ಕುಡಿದು ಎದ್ದೆ.