ತುಕಾರಾಮನ ಮನೆಯ ಸರ್ವರ್

ತುಕಾರಾಮನ ಮನೆಯಲ್ಲಿ ಸರ್ವರ್ ಶುರುವಾದದ್ದು ಮಂಗಳವಾರ ಬೆಳಿಗ್ಗೆ ಏಳೂವರೆಗೆ. ಏಳು ನಲವತ್ತಕ್ಕೆ ಆ ಸುದ್ದಿ ಹಿಟ್ಟಿನ ಗಿರಣಿ ಮುಟ್ಟಿತ್ತು. ಆಗಬಾರದ್ದೆಲ್ಲ ಆ ಹತ್ತು ನಿಮಿಷದಲ್ಲೇ ಆಗಿಹೋಯಿತು.

ಕುಡಚಿಯ ಆಚೆಗಿನ ಹುಣಸಿಕೋಡಿಯ ತುಕಾರಾಮ ಸಕ್ಕರೆ ಕಾರ್ಖಾನೆಯಲ್ಲಿ ಕಾಟಾ ಕ್ಲರ್ಕ್. ಕಬ್ಬಿನ ಟ್ರ್ಯಾಕ್ಟರು ಕಾಟಾದ ಮೇಲೆ ಬಂದು ನಿಂತರೆ ತೂಕ ನೋಡಿ ಚೀಟಿ ಹರಿದು ಕೊಡುವುದು ಅವನ ಕೆಲಸ. ಹದಿನಾಲ್ಕು ವರ್ಷ ಅದನ್ನೇ ಮಾಡಿದವನಿಗೆ ಎದುರಿಗೆ ಯಾರು ಬಂದು ನಿಂತರೂ ಟನ್ನಿನ ಲೆಕ್ಕದಲ್ಲೇ ಕಾಣುತ್ತಿದ್ದರು. ಅಂಥವನು ಕಾರ್ಖಾನೆ ಗುಜರಿಗೆ ಹಾಕಿದ್ದ ಒಂದು ಹಳೆಯ ಕಂಪ್ಯೂಟರನ್ನು ಸೈಕಲ್ಲಿಗೆ ಕಟ್ಟಿಕೊಂಡು ಮನೆಗೆ ತಂದ. ಯಾವುದೋ ಮಾಸಪತ್ರಿಕೆಯ ಜೊತೆಗೆ ಪುಕ್ಕಟೆ ಬಂದ ಸಿಡಿಯಿಂದ ಅದಕ್ಕೆ ಲಿನಕ್ಸ್ ಹಾಕಿದ. ಆಮೇಲೆ ಮೂರು ತಿಂಗಳು ಕರಿ ಪರದೆಯ ಮೇಲಿನ ಬಿಳಿ ಅಕ್ಷರಗಳ ಮುಂದೆ ಕೂತ.

"ಅಲ್ರಿ, ಮದುವ್ಯಾಗ ನನ್ನ ಮಾರಿನೂ ಇಷ್ಟ ಹೊತ್ತ ನೋಡಿರಲಿಲ್ಲ ನೀವು" ಎಂದಿದ್ದಳು ಹೆಂಡತಿ ನೀಲಮ.

ಅವನ ತಪಸ್ಸಿಗೆ ಕಾರಣವಿತ್ತು. ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಒಂದು ಖುರ್ಚಿ ಖಾಲಿಯಾಗಿತ್ತು. ಆ ವಿಭಾಗದ ಮಹಾವೀರ ಸಾಹೇಬರ ಮುಂದೆ ತುಕಾರಾಮ ಕೈಕಟ್ಟಿ ನಿಂತಾಗ ಅವರು ನಕ್ಕಿದ್ದರು. "ಮನ್ಯಾಗ ಒಂದು ವೆಬ್ ಸರ್ವರ್ ನಡಸಿ ತೋರಸಪಾ. ಮಂಗಳವಾರ ನಾ ಚಿಕ್ಕೋಡಿಯಿಂದ ನೋಡ್ತೀನಿ. ಸಂಜಿ ಐದರೊಳಗ ನಿನ್ನ ಪೇಜ್ ನನ್ನ ಕಂಪ್ಯೂಟರಿನ್ಯಾಗ ಕಂಡ್ರ ಆ ಖುರ್ಚಿ ನಿಂದು."

ಎಲ್ಲಿಯೋ ಕೂತವರು ತನ್ನ ಮನೆಯ ಇಂಟರ್ನೆಟ್ ನಂಬರು ಒತ್ತಿದರೆ ತನ್ನ ಪಡಸಾಲೆಯ ಕಂಪ್ಯೂಟರಿನಲ್ಲಿರುವ ಪುಟ ಅವರ ಎದುರು ತೆರೆಯಬೇಕು. ಅಷ್ಟೇ ಪರೀಕ್ಷೆ. ಎರಡು ಸಾವಿರದ ಹನ್ನೆರಡರ ಆ ಮಂಗಳವಾರ ತುಕಾರಾಮ ರಜೆ ಹಾಕಿ, ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಕೊನೆಯ ಸಾಲು ಟೈಪು ಮಾಡಿ ಎಂಟರ್ ಒತ್ತಿದ. ಪರದೆಯ ಮೇಲೆ ಕೃಷ್ಣಾ ಹೊಳೆಯ ಫೋಟೋ, ಅದರ ಮೇಲೆ 'ನಮ್ಮ ಊರು ಹುಣಸಿಕೋಡಿ' ಎಂಬ ದಪ್ಪ ಅಕ್ಷರ ಮೂಡಿದವು. ಅವನ ಕಣ್ಣು ತುಂಬಿ ಬಂದವು. ನಂಬರನ್ನು ಫೋನಿನಲ್ಲಿ ಸಾಹೇಬರಿಗೆ ಓದಿ ಹೇಳಿ, ತಾಯಿಯನ್ನು ಕೂಗಿದ.

ಅಕ್ಕುತಾಯಿ ಬಂದು, ಕಣ್ಣು ಕಿರಿದು ಮಾಡಿ ಓದಿದಳು. "ಇದು ಮುಂಬೈದಾಗೂ ಕಾಣತೈತೇನಪಾ?"

"ಅಮೇರಿಕಾದಾಗೂ ಕಾಣತೈತಿ ಬೇ."

ಅಕ್ಕುತಾಯಿ ಒಳಗೆ ಹೋಗಿ ಹಬ್ಬಕ್ಕೆಂದು ಎತ್ತಿಟ್ಟ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು ಬಂದಳು. ಅಮೇರಿಕದವರು ನೋಡುವಾಗ ಹಳೆಯ ಸೀರೆಯಲ್ಲಿ ಇರುವುದು ಆಕೆಗೆ ಸರಿ ಕಾಣಲಿಲ್ಲ. ಮನೆಯ ಡಬ್ಬಿ ತುಂಬ ಹಿಟ್ಟಿದ್ದರೂ ಒಂದು ಬುಟ್ಟಿ ಜೋಳ ಹೊತ್ತು ಗಿರಣಿಗೆ ನಡೆದಳು. ಅಲ್ಲಿ ಗಿರಣಿಯ ಸಪ್ಪಳವನ್ನೂ ಮೀರಿ ಸಾರಿದಳು: "ನಮ್ಮ ತುಕ್ಯಾ ಮನ್ಯಾಗ ಸರ್ವರ್ ಕೂಡ್ರಿಸ್ಯಾನ!"

ಸರ್ವರ್ ಎಂಬ ಮಾತು ಹುಣಸಿಕೋಡಿಯವರಿಗೆ ಹೊಸದಲ್ಲ. ಊರ ಗ್ರಾಮಲೆಕ್ಕಿಗ, ಅಂದರೆ ತಲಾಟಿ, ತಾತ್ಯಾಸಾಹೇಬರ ಆಫೀಸಿಗೆ ಯಾವ ಕಾಗದಕ್ಕೆ ಹೋದರೂ ಕಿಟಕಿಯೊಳಗಿಂದ ಬರುವ ಉತ್ತರ ಒಂದೇ: "ಇವತ್ತ ಸರ್ವರ್ ಇಲ್ಲ. ನಾಳೆ ಬರ್ರಿ." ಹೀಗಾಗಿ ಸರ್ವರ್ ಎಂಬುದು ತಲಾಟಿಗಿಂತ ದೊಡ್ಡ ಅಧಿಕಾರಿ, ಅದು ಬಂದು ಕೂತರೆ ಮಾತ್ರ ಕಾಗದ ಹುಟ್ಟುತ್ತದೆ, ಆದರೆ ಅದು ಬರುವುದೇ ಇಲ್ಲ ಎಂದು ಊರು ತಿಳಿದುಕೊಂಡಿತ್ತು. ಅಂಥ ಸರ್ವರ್ ಈಗ ತುಕಾರಾಮನ ಪಡಸಾಲೆಯಲ್ಲಿ ಕೂತಿದೆ!

ಮೊದಲು ಬಂದವನು ಪಕ್ಕದ ಮನೆಯ ಧನಪಾಲ.

"ತುಕಾರಾಮಣ್ಣಾ, ಸರ್ವರ್ ಐತೇನ?"

"ಐತಿ, ಬಾ ಬಾ!" ನೋಡಲು ಒಬ್ಬನಾದರೂ ಬಂದನಲ್ಲ ಎಂದು ತುಕಾರಾಮ ಹಿಗ್ಗಿದ.

"ಎದ್ದೈತಾ?"

"ಎದ್ದೈತಿ. ಮುಂಜಾನಿಂದ ಒಂದ ಸಲಾನೂ ಮಲಗಿಲ್ಲ."

ಧನಪಾಲ ಕಂಪ್ಯೂಟರಿಗೆ ಭಕ್ತಿಯಿಂದ ಕೈಮುಗಿದು ಕಿಸೆಯಿಂದ ಒಂದು ಕಾಗದ ತೆಗೆದು ಕೀಲಿಮಣೆಯ ಮೇಲಿಟ್ಟ. "ಹಂಗಾರ ನನ್ನ ಹೊಲದ ಪಹಣಿ ಉತಾರ ತಗದ ಬಿಡು. ನಮ್ಮಪ್ಪ ಸತ್ತು ಮೂರ ವರ್ಷಾತು, ಕಾಗದದಾಗ ಇನ್ನೂ ಬದುಕ್ಯಾನ."

"ಇದು ಆ ಸರ್ವರ್ ಅಲ್ಲೋ ಮಾರಾಯಾ! ಅದು ಸರಕಾರದ್ದು, ಇದು ನಂದು."

"ಸರಕಾರದ್ದು ನಡಿಯಂಗಿಲ್ಲ, ನಿಂದು ನಡೀತೈತಿ. ಅದಕ್ಕ ಇಲ್ಲಿಗೆ ಬಂದೀನಿ" ಎಂದು ಧನಪಾಲ ಚಾಪೆಯ ಮೇಲೆ ಕೂತ.

ಹಿಂದೆಯೇ ಗೌರಾಬಾಯಿ ಕೋಲೂರಿಕೊಂಡು ಬಂದಳು. "ಬಾಳಾ, ವಿಧವಾ ಪಗಾರ ನಿಂತು ಹದಿನೆಂಟ ತಿಂಗಳಾತು. ನಿನ್ನ ಸರ್ವರಿಗೆ ಒಂದ ಮಾತ ಹೇಳು." ಆಕೆಯ ಹಿಂದೆ ಕುರಿ ಕಾಯುವ ಮಲಕಾರಿ, ಬಗಲಲ್ಲಿ ಎರಡು ದಿನದ ಮರಿ, ಕೈಯಲ್ಲಿ ಮಗಳು ಭಾಗ್ಯಾಳ ಜಾತಿ ಪ್ರಮಾಣಪತ್ರದ ಅರ್ಜಿ. "ಶುಕ್ರವಾರ ಕಾಲೇಜಿನ್ಯಾಗ ಕಡೀ ದಿನ ಐತಿ ಯಣ್ಣಾ. ಇಲ್ಲಂದ್ರ ಹುಡುಗಿ ಸೀಟ ಹೋಗತೈತಿ."

ಹತ್ತು ಗಂಟೆಗೆ ಬಾಗಿಲ ಮುಂದೆ ಚಪ್ಪಲಿಯ ಸಂತೆಯೇ ನೆರೆದಿತ್ತು. ಚಹಾ ಕುಡಿದಾದರೂ ಎದ್ದು ಹೋಗಲೆಂದು ನೀಲಮ ಚಹಾ ಮಾಡಿದಳು. ಚಹಾ ಸಿಗುತ್ತದೆಂದು ಇನ್ನಷ್ಟು ಜನ ಬಂದರು. ತುಕಾರಾಮನ ಜೀವವೆಲ್ಲ ಗೋಡೆಯ ಪ್ಲಗ್ಗಿನಲ್ಲಿತ್ತು. ಯಾರ ಕಾಲು ತಾಗಿದರೂ ಅವನ ಖುರ್ಚಿ ಹೋದಂತೆಯೇ.

ಕಾಲು ತಾಗಿತು, ಆದರೆ ಅದು ಮನುಷ್ಯನ ಕಾಲಲ್ಲ. ಮಲಕಾರಿಯ ಬಗಲಿಂದ ಜಾರಿದ ಮರಿ ವೈರಿಗೆ ಸಿಕ್ಕಿಕೊಂಡು ಒಮ್ಮೆ ಜಗ್ಗಿತು. ಪರದೆ ಕಪ್ಪಾಯಿತು.

"ಅಯ್ಯ, ಇಲ್ಲೂ ಹೋತಲ್ಲೋ!" ಎಂದು ಪಡಸಾಲೆ ಒಕ್ಕೊರಲಿನಿಂದ ಉಸಿರು ಬಿಟ್ಟಿತು. ರೂಢಿಯಂತೆ ನಾಲ್ಕು ಜನ ನಾಳೆ ಬರಲು ಎದ್ದೂ ನಿಂತರು.

ತುಕಾರಾಮ ಪ್ಲಗ್ಗು ಸಿಕ್ಕಿಸಿ ಗುಂಡಿ ಒತ್ತಿದ. ಬಿಳಿ ಅಕ್ಷರಗಳು ಇರುವೆ ಸಾಲಿನಂತೆ ಮೇಲಕ್ಕೆ ಓಡತೊಡಗಿದವು.

"ಏನ ಮಾಡಾಕತ್ತೈತಿ ಅದು?" ಧನಪಾಲ ಪಿಸುಗುಟ್ಟಿದ.

"ಬಿದ್ದದ್ದಕ್ಕ ಎಲ್ಲೆರ ಪೆಟ್ಟ ಆಗೈತೇನಂತ ತನ್ನ ಮೈ ತಾನ ನೋಡ್ಕೊಳ್ಳಾಕತ್ತೈತಿ."

ನಾಲ್ಕು ನಿಮಿಷಕ್ಕೆ ಹೊಳೆಯೂ ಬಂತು, ಹುಣಸಿಕೋಡಿಯೂ ಬಂತು. ಬಿದ್ದ ಸರ್ವರ್ ಅದೇ ದಿನ ಎದ್ದದ್ದನ್ನು ಊರು ಹುಟ್ಟಿದ ಮೇಲೆ ಮೊದಲ ಸಲ ಕಂಡಿತು. ಜನ ಚಪ್ಪಾಳೆ ತಟ್ಟಿದರು. ತುಕಾರಾಮನ ಎದೆ ಎರಡು ಅಂಗುಲ ಉಬ್ಬಿ ಇಸ್ತ್ರಿ ಅಂಗಿಯ ಗುಂಡಿ ಬಿಗಿಯಾಯಿತು.

ಅಕ್ಕುತಾಯಿ ಮಾತ್ರ ಮೂಗು ಮುರಿದಳು. "ಬರೇ ನೀರಿನ ಫೋಟೋ ಹಾಕೀದಿ. ಊರಂದ್ರ ಹೊಳಿ ಅಷ್ಟ ಏನೋ? ಇಷ್ಟ ಮಂದಿ ಬಂದ ಕುಂತಾರ, ಇವರ ಹೆಸರ ಹಾಕು. ಯಾರಿಗೆ ಏನ ಬೇಕು, ಎಷ್ಟ ದಿನದಿಂದ ತಿರಗ್ಯಾರ, ಎಲ್ಲಾ ಹಾಕು."

ತುಕಾರಾಮನಿಗೂ ಅದು ಹಿಡಿಸಿತು. ಪುಟ ತುಂಬಿದ್ದರೆ ಸಾಹೇಬರೂ ಮೆಚ್ಚಿಯಾರು. ಒಬ್ಬೊಬ್ಬರನ್ನೇ ಕರೆದು ಕೂರಿಸಿಕೊಂಡು ಟೈಪು ಮಾಡತೊಡಗಿದ. ಹೆಸರು ಪರದೆಯ ಮೇಲೆ ಬಂದಂತೆಲ್ಲ ಆ ಹೆಸರಿನವರು ಎದ್ದು ಹತ್ತಿರ ಹೋಗಿ ಮುಟ್ಟಿ ನೋಡಿದರು. ಮಧ್ಯಾಹ್ನದ ಹೊತ್ತಿಗೆ ಮೂವತ್ತೊಂದು ಹೆಸರಾದವು. ಕೊನೆಗೆ ಅಕ್ಕುತಾಯಿಯ ಒತ್ತಾಯಕ್ಕೆ, ಇವರೆಲ್ಲ ತಿರುಗಿದ್ದು ಯಾರ ಆಫೀಸಿಗೆ ಎಂಬುದನ್ನೂ ಹೆಸರು ಸಮೇತ ಕೆಳಗೆ ಸೇರಿಸಿದ.

ಇತ್ತ ತಾತ್ಯಾಸಾಹೇಬರು ಬೆಳಗಿನಿಂದ ಕಿಟಕಿಯ ಹಿಂದೆ ಕೂತಿದ್ದರು. "ಸರ್ವರ್ ಇಲ್ಲ" ಎನ್ನಲು ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಕಾರಣ ತಿಳಿದವರೇ ಮೋಟರ್‌ಸೈಕಲ್ ಹತ್ತಿದರು. ಪಡಸಾಲೆಗೆ ಗುಡುಗುತ್ತಲೇ ಬಂದರು.

"ಯಾಂವ ಅಂವ, ಸರಕಾರಿ ಸರ್ವರ್ ಮನಿಗೆ ತಂದ ಇಟ್ಕೊಂಡಾಂವ? ಪೊಲೀಸರಿಗೆ ಹೇಳ್ಲಿ?"

ತುಕಾರಾಮ ಕೀಲಿಮಣೆ ಬಿಟ್ಟು ಎದ್ದ. "ಇಲ್ರೀ ಸಾಹೇಬ್ರ, ಇದು ಗುಜರಿ ಮಾಲ್ರಿ. ನಂದ ಸ್ವಂತದ್ದ್ರಿ."

"ಏನ ನಡದೈತಿ ಇದರಾಗ?"

ಧನಪಾಲ ಪರದೆಯನ್ನು ಅವರ ಕಡೆಗೆ ತಿರುಗಿಸಿದ. ತಾತ್ಯಾಸಾಹೇಬರು ಓದಿದರು: 'ಗೌರಾಬಾಯಿ. ವಿಧವಾ ವೇತನ. ಹದಿನೆಂಟು ತಿಂಗಳು. ಆಫೀಸಿಗೆ ಹೋದದ್ದು ನಲವತ್ತೊಂದು ಸಲ.' ಓದುತ್ತ ಓದುತ್ತ ಕೆಳಗಿಳಿದು ತಮ್ಮ ಹೆಸರಿನ ಹತ್ತಿರ ಬಂದು ನಿಂತರು.

"ಇದು... ಎಲ್ಲೆಲ್ಲಿ ಕಾಣತೈತಿ?"

ತುಕಾರಾಮ ಬಾಯಿ ತೆರೆಯುವ ಮೊದಲೇ ಅಕ್ಕುತಾಯಿ ಸೆರಗು ಸರಿಮಾಡಿಕೊಂಡು ಹೇಳಿದಳು: "ಬೆಳಗಾವಿ, ಬೆಂಗಳೂರು, ಅಮೇರಿಕಾ. ಅದಕ್ಕ ನಾ ಹೊಸಾ ಸೀರಿ ಉಟ್ಟೀನ್ರಿ."

"ಡೀಸಿ ಸಾಹೇಬ್ರ ಆಫೀಸಿನ್ಯಾಗ?"

"ನಂಬರ್ ಹಾಕಿದ್ರ ಎಲ್ಲಾ ಕಡೆ ಕಾಣತೈತ್ರಿ" ಎಂದ ತುಕಾರಾಮ. ತನಗೆ ತಿಳಿದ ಮಟ್ಟಿಗೆ ಅವನು ಸತ್ಯವನ್ನೇ ಹೇಳಿದ್ದ.

ತಾತ್ಯಾಸಾಹೇಬರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ಅವರ ದನಿ ಬೆಲ್ಲದ ಪಾಕದಂತೆ ಮೆತ್ತಗಾಯಿತು. "ನಡೀರಿ, ಎಲ್ಲಾರೂ ಆಫೀಸಿಗೆ ನಡೀರಿ. ಸರ್ವರ್ ಈಗ... ಬಂದಿರಬೇಕು."

ಬಂದಿತ್ತು. ಹೇಗೆ ಬಂತೆಂದು ಯಾರೂ ಕೇಳಲಿಲ್ಲ. ಮಧ್ಯಾಹ್ನದಿಂದ ನಾಲ್ಕೂವರೆಯವರೆಗೆ ಆಫೀಸಿನ ಪ್ರಿಂಟರು ಹೊಲ ಉತ್ತ ಎತ್ತಿನಂತೆ ಏದುಸಿರು ಬಿಟ್ಟಿತು. ಕಾಗದ ಸಿಕ್ಕವರು ನೆಟ್ಟಗೆ ತುಕಾರಾಮನ ಮನೆಗೆ ಬಂದರು. ಅವನು ಒಂದೊಂದೇ ಹೆಸರಿನ ಮುಂದೆ 'ಸಿಕ್ಕಿತು' ಎಂದು ಬರೆದ. ಮಲಕಾರಿ ಮಗಳ ಕಾಗದವನ್ನು ಮಡಚಲಿಲ್ಲ, ಎರಡೂ ಕೈಯಲ್ಲಿ ಹಿಡಿದೇ ಮನೆಗೆ ನಡೆದ. ಗೌರಾಬಾಯಿ ತುಕಾರಾಮನ ತಲೆಯ ಮೇಲೆ ಬೆರಳು ಮುರಿದು ದೃಷ್ಟಿ ತೆಗೆದಳು. ಧನಪಾಲ ಉತಾರ ಓದಿ ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ. "ಇವತ್ತ ನಮ್ಮಪ್ಪ ಖರೇನ ಸತ್ತನೋ ಯಣ್ಣಾ."

ತುಕಾರಾಮನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಲಕ್ಷಾಂತರ ಟನ್ನು ಕಬ್ಬು ತೂಗಿದ್ದ; ಇಷ್ಟು ಭಾರದ ದಿನವನ್ನು ತೂಗಿರಲಿಲ್ಲ.

ಐದಕ್ಕೆ ಸರಿಯಾಗಿ ಫೋನು ಬಂತು.

"ತುಕಾರಾಮ, ಮುಂಜಾನಿಂದ ಆರ ಸಲ ನೋಡಿದ್ನೆಪಾ" ಎಂದರು ಮಹಾವೀರ ಸಾಹೇಬರು. "ಏನೂ ಬರಂಗಿಲ್ಲ."

"ಇಲ್ಲಿ ಕಾಣಾಕತ್ತೈತ್ರಿ ಸರ! ನನ್ನ ಕಣ್ಣ ಮುಂದ ಐತ್ರಿ!"

"ನಿನ್ನ ಕಣ್ಣ ಮುಂದ ಇರತೈತಿ. ನಿಮ್ಮ ಮನಿ ಹೊರಗ ಬರಬೇಕಲಾ? ಇಂಟರ್ನೆಟ್ ಮೋಡೆಮ್ಮಿನ್ಯಾಗ ಹೊರಗಿನವರಿಗೆ ಎಂಬತ್ತನೇ ನಂಬರಿನ ಬಾಗಲಾ ತಗದೀಯೇನ?"

ತುಕಾರಾಮ ನಾಲಿಗೆ ಕಚ್ಚಿಕೊಂಡ. ಮೂರು ತಿಂಗಳಲ್ಲಿ ಎಲ್ಲವನ್ನೂ ಮಾಡಿದ್ದ. ಅದೊಂದನ್ನು ಬಿಟ್ಟಿದ್ದ. ಹೊರಗಿನಿಂದ ಬಂದವರೆಲ್ಲ ಮುಚ್ಚಿದ ಬಾಗಿಲು ಬಡಿದು ವಾಪಸು ಹೋಗಿದ್ದರು; ಬಂದವರೂ ಸಾಹೇಬರೊಬ್ಬರೇ.

"ತನ್ನ ಮನಿ ಬಾಗಲಾ ತಗಿಯಾಕ ಮರತಾಂವ ಫ್ಯಾಕ್ಟರಿ ಹೆಂಗ ನಡಸ್ತೀಯೋ? ನಾಳಿ ಮುಂಜಾನಿ ಕಾಟಾಕ್ಕ ಹೋಗು. ಆ ಖುರ್ಚಿಗೆ ಬ್ಯಾರೆ ಹುಡುಗನ್ನ ತಗೊಂಡೀವಿ."

ಫೋನು ಕೆಳಗಿಟ್ಟವನ ಮುಖ ನೋಡಿ ನೀಲಮ ಹತ್ತಿರ ಬಂದಳು. ಅವನು ಸಣ್ಣ ದನಿಯಲ್ಲಿ ಎಲ್ಲ ಹೇಳಿದ. ಆಕೆ ಕೇಳಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅಂದ್ರ ತಲಾಟಿ ಸಾಹೇಬ್ರು ಅಷ್ಟ ಹೆದರಿದ್ದು ಯಾರಿಗೆ?"

"ನಮ್ಮ ಪಡಸಾಲಿಗೆ" ಎಂದ ತುಕಾರಾಮ. ಹೇಳಿದ ಮೇಲೆ ಅವನಿಗೂ ನಗು ತಡೆಯಲಿಲ್ಲ. ಅವ್ವನಿಗೆ ಮಾತ್ರ ಹೇಳಬಾರದು ಎಂದು ಇಬ್ಬರೂ ಗೊತ್ತುಮಾಡಿಕೊಂಡರು.

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು. ತಾತ್ಯಾಸಾಹೇಬರು! ಗಾಡಿ ಇಲ್ಲ, ಜೊತೆಗೆ ಜನರಿಲ್ಲ, ಕೈಯಲ್ಲಿ ಒಂದು ಖಾಕಿ ಲಕೋಟೆ. ಗುಟ್ಟು ಗೊತ್ತಾಗಿಹೋಯಿತು, ಇನ್ನು ಪೊಲೀಸರೇ ಎಂದು ತುಕಾರಾಮ ಎದ್ದು ನಿಂತ.

"ತುಕಾರಾಮ ಅವ್ರ..." ಎಂದರು ಸಾಹೇಬರು. ಅವರ ಬಾಯಲ್ಲಿ ಆ 'ಅವ್ರ' ಕೇಳಿ ನೀಲಮಳ ಕೈಯ ಲೋಟ ಜಾರಿತು. "ಸ್ವಲ್ಪ ಖಾಸಗಿ ಮಾತಿತ್ರಿ."

"ಹೇಳ್ರಿ ಸಾಹೇಬ್ರ."

"ನನ್ನ ಹೆಂಡ್ತಿ ತೆಲಸಂಗದ ಸಾಲ್ಯಾಗ ಟೀಚರ್ ಅದಾಳ್ರಿ. ನನ್ನ ಆ ಕಡೆ ವರ್ಗಾ ಮಾಡ್ರೆಂತ ಅರ್ಜಿ ಹಾಕಿ ನಾಕ ವರ್ಷಾತು. ಮಕ್ಕಳು ಅಲ್ಲಿ, ನಾ ಇಲ್ಲಿ, ಖಾನಾವಳಿ ರೊಟ್ಟಿ. ಮ್ಯಾಲಿನ ಆಫೀಸಿಗೆ ಹೋದಾಗೊಮ್ಮೆ ಒಂದ ಮಾತು ಹೇಳಿ ಹೊರಗ ಕಳಸ್ತಾರ."

"ಏನಂತಾರ್ರಿ?"

ತಾತ್ಯಾಸಾಹೇಬರು ನೆಲ ನೋಡಿದರು. ಕಿವಿ ಕೆಂಪಾದವು. ಅದು ಅವರೇ ತಮ್ಮ ಕಿಟಕಿಯಿಂದ ದಿನಾ ಹೇಳುವ ಮಾತು.

"ನಂದೂ ಒಂದ ಹೆಸರು ಹಾಕ್ರಿ" ಎಂದು ಸಾಹೇಬರು ಲಕೋಟೆಯನ್ನು ಎರಡೂ ಕೈಯಿಂದ ಚಾಚಿದರು. "ಬೆಂಗಳೂರಿನವರಿಗೆ ಛಲೋತ್ನಂಗ ಕಾಣೂಹಂಗ."

ತುಕಾರಾಮ ಕಂಪ್ಯೂಟರಿನ ಕಡೆ ನೋಡಿದ, ಮೋಡೆಮ್ಮಿನ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ಖುರ್ಚಿಯಂತೂ ಹೋಗಿತ್ತು. ನಾಳೆ ಬೆಳಿಗ್ಗೆ ಆರಕ್ಕೆ ಮತ್ತೆ ಅದೇ ಕಾಟಾ, ಅದೇ ಚೀಟಿ. ಆದರೂ ಅಂಗಿಯ ಕಾಲರ್ ನೆಟ್ಟಗೆ ಮಾಡಿಕೊಂಡು ಕೂತು, ಲಕೋಟೆ ಬಿಚ್ಚುವ ಮೊದಲು ಆ ಎಂಬತ್ತನೇ ನಂಬರಿನ ಬಾಗಿಲನ್ನು ಹುಡುಕತೊಡಗಿದ.

ಒಳಗಿನಿಂದ ಅಕ್ಕುತಾಯಿಯ ದನಿ ಬಂತು: "ಕುಂದರ್ರಿ ಸಾಹೇಬ್ರ, ಚಹಾ ಇಟ್ಟೀನಿ. ಪಾಳಿ ಪ್ರಕಾರ ಆಗತೈತಿ. ತುಕ್ಯಾ, ಸಾಹೇಬ್ರದು ಮೂವತ್ತೆರಡನೇ ನಂಬರ್ ನೋಡಪಾ!"